ಬರೀ ಮಾತಿನ ಕಥೆ ಬರೆಯುವ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ಎಂಟನೇ ತರಗತಿ ಮುಗಿದ ಬೇಸಿಗೆ ರಜೆಯಲ್ಲಿ ಈ ಆ್ಯಪ್ ಹಾಕಿಕೊಂಡಿದ್ದೆ. ಈಗ ಸೆಕೆಂಡ್ ಪಿಯುಸಿಯಲ್ಲಿದ್ದೇನೆ. ಇಲ್ಲಿಯವರೆಗೆ ಇದರಲ್ಲಿ 41 ಕಥೆ ಬರೆದಿದ್ದೇನೆ. ಒಂದರಲ್ಲೂ ವರ್ಣನೆಯ ಸಾಲಿಲ್ಲ, ‘ಎಂದಳು’, ‘ಎಂದನು’ ಇಲ್ಲ. ಎಲ್ಲವೂ ಇಬ್ಬರು ಮೂವರ ನಡುವಿನ ಮೆಸೇಜುಗಳು. ಆ್ಯಪ್‌ನ ಹೆಸರು ಹೇಳುತ್ತಿಲ್ಲ. ಈ ಬಗೆಯವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಯಾವುದನ್ನು ಹಾಕಿಕೊಂಡವರಿಗೂ ನನ್ನ ಅನುಭವ ಉಪಯೋಗಕ್ಕೆ ಬಂದೀತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದಕ್ಕೆ ಚಾಟ್ ಫಿಕ್ಷನ್ ಅನ್ನುತ್ತಾರೆ. ಅಮೆರಿಕದಲ್ಲಿ 2015ರಲ್ಲಿ ಹುಕ್ಡ್ ಅನ್ನುವ ಆ್ಯಪ್ ಬಂತು, 2017ರಲ್ಲಿ ಕಥೆ ಓದುವ, ಬರೆಯುವ ಕೆನಡಾದ ತಾಣ ವಾಟ್‌ಪ್ಯಾಡ್‌ನವರು ಟ್ಯಾಪ್ ಅನ್ನುವ ಆ್ಯಪ್ ತಂದರು. ಆಮೇಲೆ ಇಂಥವು ಸಾಕಷ್ಟು ಹುಟ್ಟಿಕೊಂಡವು. ಪರದೆ ಮುಟ್ಟಿದರೆ ಒಂದು ಮಾತು ಬರುತ್ತದೆ, ಮತ್ತೆ ಮುಟ್ಟಿದರೆ ಅದರ ಉತ್ತರ. ಬೇರೆಯವರ ಫೋನನ್ನು ಕದ್ದು ಓದಿದ ಹಾಗೆ. ಬರೆಯುವವರು ಪಾತ್ರಗಳಿಗೆ ಹೆಸರು, ಬಣ್ಣ ಕೊಟ್ಟು ಒಂದೊಂದೇ ಮಾತು ಸೇರಿಸುತ್ತಾ ಹೋಗಬೇಕು.

ನನ್ನ ಮೊದಲ ಕಥೆಯ ಮೊದಲ ಮಾತು ಹೀಗಿತ್ತು: “ರಾಜು, ನಾನು ನಿನ್ನ ಅಕ್ಕ ಗಂಗಾ. ನಮ್ಮ ಅಪ್ಪ ನಿನ್ನೆಯಿಂದ ಮನೆಗೆ ಬಂದಿಲ್ಲವೆಂದು ನಿನಗೆ ಗೊತ್ತೇ ಇದೆ.” ಗೊತ್ತೇ ಇದ್ದರೆ ಯಾಕೆ ಹೇಳಬೇಕು? ಯಾವ ಅಕ್ಕ ತಮ್ಮನಿಗೆ ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ? ಇದು ತಪ್ಪೆಂದು ಅರ್ಥವಾಗುವುದಕ್ಕೆ ನನಗೆ ಹತ್ತು ಹನ್ನೆರಡು ಕಥೆ ಬೇಕಾದವು. ಹೋದ ವರ್ಷ ಅದೇ ಕಥೆಯನ್ನು ಮತ್ತೆ ಬರೆದೆ. ಈ ಸಲ ನಮ್ಮ ಹಾವೇರಿ ಕಡೆಯ ಮಾತಿನಲ್ಲಿ.

“ಮಕ್ಕೊಂಡಿಯೇನಲೇ?”
“ಇಲ್ಲಕ್ಕಾ. ಬಂದ್ರೇನು?”
“ಇಲ್ಲೋ. ಅವ್ವ ಇನ್ನೂ ಬಾಗಲಾ ಹಾಕಿಲ್ಲ.”

‘ಲೇ’ ಅಂದದ್ದರಿಂದ ಅವನು ಚಿಕ್ಕವನು ಅಂತ ಗೊತ್ತಾಯಿತು. ‘ಬಂದ್ರೇನು’ ಅಂದದ್ದರಿಂದ ಅವರು ಕಾಯುತ್ತಿರುವುದು ಮನೆಯ ಹಿರಿಯರಿಗೆ ಅಂತಲೂ ತಿಳಿಯಿತು. ಬಾಗಿಲು ಹಾಕದ ಅವ್ವ ಒಂದು ಮಾತೂ ಆಡದೆ ಕಥೆಯೊಳಗೆ ಬಂದು ಕೂತಳು. ಅಪ್ಪ ಅನ್ನುವ ಪದವನ್ನೇ ನಾನು ಬಳಸಿಲ್ಲ. ಮೂರು ವರ್ಷದಲ್ಲಿ ಈ ಆ್ಯಪ್ ನನಗೆ ಕಲಿಸಿದ ದೊಡ್ಡ ವಿಷಯವೆಂದರೆ ಇದೇ. ಇಂಗ್ಲಿಷಿನಲ್ಲಿ ‘ಕಮ್’ ಅಂದರೆ ಯಾರು ಯಾರಿಗೆ ಅಂದರೋ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬಾರೋ, ಬಾರೇ, ಬಾರವ್ವಾ, ಬರ್ರಿ ಇವೆ. ಕರೆಯುವವರು ಕರೆಸಿಕೊಳ್ಳುವವರಿಗೆ ಏನಾಗಬೇಕು ಅನ್ನುವುದು ಆ ಒಂದು ಪದದ ಬಾಲದಲ್ಲೇ ಇರುತ್ತದೆ. ಇನ್ನೊಂದು ಕಥೆಯಲ್ಲಿ ಉದ್ದಕ್ಕೂ ‘ಲೇ’ ಅನ್ನುತ್ತಿದ್ದ ಗೆಳೆಯ ಕೊನೆಯ ಹೊತ್ತಿಗೆ “ಹೇಳ್ರಿ” ಅಂದ. ಗೆಳೆತನ ಮುರಿಯಿತು ಅಂತ ಹೇಳಲು ನನಗೆ ಬೇರೆ ವಾಕ್ಯವೇ ಬೇಕಾಗಲಿಲ್ಲ.

ಆ್ಯಪ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಮೆಸೇಜಿನ ಮೇಲೆ ಸಮಯ ಹಾಕುವ ಸೌಲಭ್ಯ. “ಎಲ್ಲಿದ್ದೀರಿ?” ಅನ್ನುವ ಮಾತಿನ ಮೇಲೆ ರಾತ್ರಿ 11:40, ಅದರ ಕೆಳಗಿನ “ಎಲ್ಲಿದ್ದೀರಿ?” ಮೇಲೆ ಬೆಳಿಗ್ಗೆ 5:10. ಇಡೀ ರಾತ್ರಿಯ ನಿದ್ದೆಗೇಡು ಅಷ್ಟರಲ್ಲೇ ಬಂತು. ಅಳಿಸಿದ ಮೆಸೇಜನ್ನು ತೋರಿಸಲೂ ಬರುತ್ತದೆ. ಅದನ್ನು ಕಥೆಗೆ ಒಂದು ಸಲಕ್ಕಿಂತ ಹೆಚ್ಚು ಬಳಸಬಾರದು ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಅದನ್ನೇ ಮಾಡುತ್ತಾರೆ. ಓದುಗರು ಎಷ್ಟನೇ ಮಾತಿಗೆ ಬಿಟ್ಟುಹೋದರು ಅಂತಲೂ ಆ್ಯಪ್ ತೋರಿಸುತ್ತದೆ. ಮೊದಮೊದಲು ಅದನ್ನು ನೋಡಿ ಅತ್ತಿದ್ದೂ ಉಂಟು. ಆದರೆ ಜನ ಬಿಟ್ಟುಹೋದ ಜಾಗಕ್ಕೆ ವಾಪಸ್ ಹೋಗಿ ನೋಡಿದರೆ ಹೆಚ್ಚಿನ ಸಲ ಅಲ್ಲಿ ಪಾತ್ರ ಮಾತಾಡುತ್ತಿರಲಿಲ್ಲ, ನಾನು ಮಾತಾಡುತ್ತಿದ್ದೆ.

ಇನ್ನು ತೊಂದರೆಗಳು. ಕನ್ನಡಕ್ಕೆ ಇದು ಸರಿಯಾಗಿ ಹೊಂದಿಲ್ಲ. ಒಂದು ಮೆಸೇಜಿಗೆ 200 ಅಕ್ಷರದ ಮಿತಿ ಇದೆ. ಆದರೆ ‘ಸ್ತ್ರೀ’ ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಯೂನಿಕೋಡ್ (ಕಂಪ್ಯೂಟರ್, ಫೋನುಗಳು ಅಕ್ಷರ ಗುರುತಿಸುವ ಪದ್ಧತಿ) ಲೆಕ್ಕದಲ್ಲಿ ಆರಾಗುತ್ತದೆ: ಮೂರು ವ್ಯಂಜನ, ಎರಡು ಹಲಂತ (ವ್ಯಂಜನಗಳನ್ನು ಬೆಸೆಯುವ ಗುರುತು), ಒಂದು ದೀರ್ಘ ಈಕಾರದ ಗುರುತು. ಒತ್ತಕ್ಷರ ಹೆಚ್ಚಾದಷ್ಟೂ ಮಾತು ಅರ್ಧಕ್ಕೇ ನಿಲ್ಲುತ್ತದೆ. ಸಾಲು ಮುರಿಯುವಾಗ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತಿದ್ದದ್ದು ಒಂದು ಅಪ್‌ಡೇಟ್ ನಂತರ ಸರಿಹೋಯಿತು. ಅಕ್ಷರದ ಮಿತಿ ಮಾತ್ರ ಹಾಗೇ ಇದೆ. ಕನ್ನಡದಲ್ಲಿ ಹುಡುಕಿದರೆ ಕಥೆ ಸಿಗುವುದು ಅದೃಷ್ಟದ ಮೇಲೆ.

ನನಗೆ ನಿಜವಾಗಿ ನೋವಾದದ್ದು ಹತ್ತನೇ ತರಗತಿಯಲ್ಲಿ. ಫೋನ್ ನೀರಿಗೆ ಬಿದ್ದು ಹೋಯಿತು. ಪ್ರಕಟಿಸಿದ ಕಥೆಗಳು ಉಳಿದವು, ಅರ್ಧ ಬರೆದಿಟ್ಟಿದ್ದ ಆರು ಕಥೆಗಳು ಹೋದವು. ಡ್ರಾಫ್ಟುಗಳು ಫೋನಿನಲ್ಲಿ ಮಾತ್ರ ಇರುತ್ತವೆ ಅಂತ ಎಲ್ಲೂ ಹೇಳಿರಲಿಲ್ಲ. ಬರೆದದ್ದನ್ನು ಫೈಲ್ ಮಾಡಿ ಹೊರಗೆ ತೆಗೆಯುವ ದಾರಿ ಇವತ್ತಿಗೂ ಇಲ್ಲ. ಈಗ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಎಡಗಡೆ ಒಬ್ಬರ ಮಾತು, ಬಲಗಡೆ ಇನ್ನೊಬ್ಬರದು. ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು: ಅಪರಿಚಿತರು ಮೆಸೇಜ್ ಮಾಡುವ ಆಯ್ಕೆ ಆ್ಯಪ್ ಹಾಕಿಕೊಂಡಾಗಲೇ ಆನ್ ಆಗಿರುತ್ತದೆ. ಮೊದಲ ದಿನವೇ ಆಫ್ ಮಾಡಿ. ನಾನು ಮಾಡಿದ್ದು ಮೂರು ತಿಂಗಳ ನಂತರ, ಅವ್ವ ನೋಡಿ ಹೇಳಿದ ಮೇಲೆ.

ತಿಂಗಳ ಚಂದಾ ಕಟ್ಟಬೇಕೇ ಅಂತ ಕೇಳಿದರೆ ಬೇಡ ಅನ್ನುತ್ತೇನೆ. ಒಂದು ತಿಂಗಳು ಕಟ್ಟಿ ನೋಡಿದೆ. ಜಾಹೀರಾತು ಹೋಗುತ್ತದೆ, ಹಿನ್ನೆಲೆಗೆ ಚಿತ್ರ ಹಾಕಬಹುದು. ಬರೆಯುವುದಕ್ಕೆ ಏನೂ ಹೆಚ್ಚಿಗೆ ಸಿಗುವುದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಆ ಅಕ್ಕ ತಮ್ಮನ ಕಥೆಯನ್ನು ಅಜ್ಜಿಗೆ ಓದಿ ಹೇಳಿದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ನಮ್ಮಜ್ಜಿ ಅದರ ನಾಟಕಗಳನ್ನು ಕೇಳಿಕೊಂಡೇ ರೊಟ್ಟಿ ಬಡಿದವಳು. ಕಣ್ಣು ಮುಚ್ಚಿ ಕೇಳಿ, “ಇದು ರೇಡಿಯೋ ನಾಟಕ ಇದ್ದಂಗ ಐತಿ” ಅಂದಳು. ಅಲ್ಲಿ ದನಿ ಇರುತ್ತದಜ್ಜಿ, ಬಾಗಿಲ ಸದ್ದು, ಮಳೆ ಸದ್ದು ಇರುತ್ತದೆ, ನನ್ನ ಹತ್ತಿರ ಅಕ್ಷರ ಮಾತ್ರ ಇರುವುದು ಅಂದೆ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಅದಿರ್ಲಿ, ಅವರಪ್ಪ ಬಂದ್ನೋ ಇಲ್ಲೋ?” ಅಂತ ಕೇಳಿದಳು.

ಎರಡನೇ ಭಾಗ ಬರೆಯುತ್ತಿದ್ದೇನೆ. ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಪುಟ ಆಗಿದೆ, ಅವ್ವ ಇನ್ನೂ ಬಾಗಿಲು ಹಾಕಿಲ್ಲ.