ಮೂರು ಹಳೆಯ ತೋಟಗಳ ಜಿನ್‌ಫಾಂಡೆಲ್: ಮೇರಿಯನ್, ಆಲ್ಡೋ, ಕಾರ್ಲೈಲ್

ಒಂದೇ ತೋಟದ ಹಣ್ಣಿನಿಂದ ಮಾಡಿದ ಜಿನ್‌ಫಾಂಡೆಲ್‌ಗೆ, ಅಂದರೆ ಅದೇ ಹೆಸರಿನ ಕಪ್ಪು ದ್ರಾಕ್ಷಿಯ ಕೆಂಪು ವೈನಿಗೆ, ಹೆಚ್ಚು ಹಣ ಕೊಡಬೇಕೇ ಎಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸುತ್ತಮುತ್ತಲಿನ ಕನ್ನಡದ ಗೆಳೆಯರು ನನ್ನನ್ನು ಹಲವು ಸಲ ಕೇಳಿದ್ದಾರೆ. ಬಾಯಿಮಾತಿನಲ್ಲಿ ಉತ್ತರ ಕೊಡುವುದಕ್ಕಿಂತ ಮೂರು ಬಾಟಲಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಮೇಲೆನ್ನಿಸಿ, ಕಳೆದ ಚಳಿಗಾಲದಲ್ಲಿ ಮೂರು ಸಂಜೆ ಅದಕ್ಕೆಂದೇ ಕುಳಿತೆ. ಆರಿಸಿಕೊಂಡದ್ದು ಇದೇ ರಾಜ್ಯದಲ್ಲಿ ಕುಟುಂಬಗಳು ನಡೆಸುವ ಮೂರು ಸಣ್ಣ ವೈನರಿಗಳ ವೈನ್‌ಗಳನ್ನು: ಲೋಡೈಯ ಸೇಂಟ್ ಅಮಾಂಟ್ ವೈನರಿ ಮಾಡುವ ಮೇರಿಯನ್ಸ್ ವಿನ್‌ಯಾರ್ಡ್, ನಾಪಾದ ರಾಬರ್ಟ್ ಬಿಯಾಲೆ ಅವರ ಆಲ್ಡೋಸ್ ವಿನ್‌ಯಾರ್ಡ್, ಮತ್ತು ಸೊನೋಮಾದ ಕಾರ್ಲೈಲ್ ವೈನರಿಯ ಕಾರ್ಲೈಲ್ ವಿನ್‌ಯಾರ್ಡ್. ಬಾಟಲಿಯ ಮೇಲೆ ತೋಟದ ಹೆಸರು ಹಾಕಬೇಕಾದರೆ ಅದರೊಳಗಿನ ವೈನಿನ ಕನಿಷ್ಠ ಶೇಕಡಾ 95 ಭಾಗ ಅದೇ ತೋಟದ ಹಣ್ಣಿನದಾಗಿರಬೇಕು ಎಂಬುದು ಅಮೆರಿಕದ ಕಾನೂನು. ‘ಹಳೆಯ ಬಳ್ಳಿ’ ಎಂಬ ಮಾತಿಗೆ ಮಾತ್ರ ಅಂತಹ ಯಾವ ಕಾನೂನಿನ ಅರ್ಥವೂ ಇಲ್ಲ. ಆದ್ದರಿಂದ ನೆಟ್ಟ ವರ್ಷ ಖಚಿತವಾಗಿ ತಿಳಿದಿರುವ ತೋಟಗಳನ್ನೇ ಹುಡುಕಿದೆ. ಮೇರಿಯನ್ ತೋಟವನ್ನು ನೆಟ್ಟದ್ದು 1901ರಲ್ಲಿ, ಕಾರ್ಲೈಲ್ 1927ರಲ್ಲಿ, ಆಲ್ಡೋ 1937ರಲ್ಲಿ.

ಈ ಮೂರು ವರ್ಷಗಳ ನಡುವೆ ಅಮೆರಿಕದ ಪಾನನಿಷೇಧದ ಕಾಲ, ಅಂದರೆ 1920ರಿಂದ 1933ರವರೆಗಿನ ಅವಧಿ, ಬರುತ್ತದೆ. ಮೊದಲನೆಯ ತೋಟ ಅದನ್ನು ದಾಟಿ ಬಂದದ್ದು, ಎರಡನೆಯದು ಅದರ ನಡುವೆಯೇ ಹುಟ್ಟಿದ್ದು, ಮೂರನೆಯದು ಅದು ಮುಗಿದ ಮೇಲೆ ಬೇರೂರಿದ್ದು. ಮದ್ಯವನ್ನು ಮಾರುವಂತಿಲ್ಲದ ಕಾಲದಲ್ಲಿ ದ್ರಾಕ್ಷಿಯನ್ನು ಯಾಕೆ ನೆಟ್ಟರು ಎಂದು ನನಗೂ ಮೊದಲು ಆಶ್ಚರ್ಯವಾಗಿತ್ತು. ಮನೆಬಳಕೆಗೆಂದು ಒಂದು ಕುಟುಂಬ ವರ್ಷಕ್ಕೆ 200 ಗ್ಯಾಲನ್‌ವರೆಗೆ ಹಣ್ಣಿನ ರಸ ಮಾಡಿಕೊಳ್ಳಲು ಅವಕಾಶವಿತ್ತು, ಆ ರಸ ಮನೆಯ ಪೀಪಾಯಿಯಲ್ಲಿ ವೈನ್ ಆಗುತ್ತಿತ್ತು, ಮತ್ತು ಅದಕ್ಕೆ ಬೇಕಾದ ದ್ರಾಕ್ಷಿ ಕ್ಯಾಲಿಫೋರ್ನಿಯಾದಿಂದ ರೈಲುಗಳಲ್ಲಿ ಪೂರ್ವದ ನಗರಗಳಿಗೆ ಹೋಗುತ್ತಿತ್ತು. ಆ ಬೇಡಿಕೆಯೇ ಈ ಬಳ್ಳಿಗಳನ್ನು ಉಳಿಸಿತು.

ಪರೀಕ್ಷೆಯ ಕ್ರಮವನ್ನು ಹೇಳಿಬಿಡುತ್ತೇನೆ. ಮೂರೂ ಒಂದೇ ವರ್ಷದ ಬೆಳೆ. ನಾಪಾ ಮತ್ತು ಸೊನೋಮಾಗಳಲ್ಲಿ ಕಾಡ್ಗಿಚ್ಚಿನ ಹೊಗೆ ಹಣ್ಣಿಗೆ ಹತ್ತಿದ 2020ನ್ನು ಬೇಕೆಂದೇ ಬಿಟ್ಟೆ. ಬಾಟಲಿಗಳಿಗೆ ಹೆಂಡತಿ ಕಾಗದ ಸುತ್ತಿ ಗುರುತು ಹಾಕಿದಳು, ಯಾವುದು ಯಾವುದೆಂದು ಮೂರನೆಯ ಸಂಜೆಯ ಕೊನೆಯವರೆಗೂ ನನಗೆ ಗೊತ್ತಿರಲಿಲ್ಲ. ತೆರೆದ ಕೂಡಲೇ ಒಮ್ಮೆ, ಒಂದು ದಿನ ಬಿಟ್ಟು ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ ಕುಡಿದು ಬರೆದುಕೊಂಡೆ. ಇದಕ್ಕೂ ಮೊದಲು ಒಂದು ಪ್ರಯತ್ನ ಹಾಳಾಗಿತ್ತು: ಬೇಸಿಗೆಯಲ್ಲಿ ತರಿಸಿದ ಒಂದು ಬಾಟಲಿಯನ್ನು ಸಾಗಣೆಯವರು ಬಿಸಿಲಿನ ಲಾರಿಯಲ್ಲೇ ದಿನಗಟ್ಟಲೆ ಇಟ್ಟಿದ್ದರಿಂದ ಬಿರಡೆ ಅರ್ಧ ಬೆರಳಿನಷ್ಟು ಮೇಲೆದ್ದಿತ್ತು, ಒಳಗಿನ ವೈನ್ ಬೆಂದ ಒಣದ್ರಾಕ್ಷಿಯ ರುಚಿಗೆ ತಿರುಗಿತ್ತು. ನೂರು ವರ್ಷದ ಬಳ್ಳಿಯ ಫಲ ಮೂರು ದಿನದ ಅಲಕ್ಷ್ಯಕ್ಕೆ ಬಲಿಯಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದ್ದರಿಂದ ಈ ಬಾರಿ ತಂಪು ಬರುವವರೆಗೂ ಕಾದೆ.

ಮೇರಿಯನ್ ಬಗ್ಗೆ ಬರೆಯುವ ಮುನ್ನ ಲೋಡೈಯ ಮಣ್ಣಿನ ಬಗ್ಗೆ ಹೇಳಬೇಕು. ಎರಡು ವರ್ಷದ ಹಿಂದೆ ಸುಗ್ಗಿಯ ಹೊತ್ತಿನಲ್ಲಿ ಅಲ್ಲಿನ ಒಂದು ಹಳೆಯ ತೋಟದಲ್ಲಿ ನಡೆದಿದ್ದೆ. ಮೊಕೆಲುಮ್ನಿ ನದಿ ತಂದು ಹಾಸಿದ ಮೆಕ್ಕಲು ಮರಳುಮಣ್ಣು ಅದು, ಹಿಡಿಯಲ್ಲಿ ತೆಗೆದುಕೊಂಡರೆ ನಮ್ಮ ಹೊಳೆದಂಡೆಯ ಮರಳಿನಂತೆ ಬೆರಳ ಸಂದಿಯಿಂದ ಜಾರುತ್ತದೆ. ದ್ರಾಕ್ಷಿಯ ಬೇರನ್ನು ತಿನ್ನುವ ಫೈಲೊಕ್ಸೆರಾ ಎಂಬ ಸಣ್ಣ ಕೀಟ ಇಂತಹ ಮರಳಿನಲ್ಲಿ ಹರಡಲಾರದು. ಬೇರೆಡೆ ಆ ಕೀಟದ ಭಯದಿಂದ ಅಮೆರಿಕದ ಕಾಡುದ್ರಾಕ್ಷಿಯ ಬುಡಕ್ಕೆ ಕಸಿ ಕಟ್ಟುವುದು ಅನಿವಾರ್ಯವಾದರೆ, ಇಲ್ಲಿನ ಎಷ್ಟೋ ಹಳೆಯ ಬಳ್ಳಿಗಳು ಕಸಿಯಿಲ್ಲದೆ ಸ್ವಂತ ಬೇರಿನ ಮೇಲೆಯೇ ನಿಂತಿವೆ. ತಂತಿಯ ಆಸರೆಯೂ ಇಲ್ಲ. ಮನುಷ್ಯನ ಸೊಂಟದೆತ್ತರದ, ತೊಡೆಗಾತ್ರದ, ತಿರುಚಿದ ಕಾಂಡಗಳು ಒಂದೊಂದೂ ಒಂದು ಕುಳ್ಳ ಮರದಂತೆ ಕಾಣುತ್ತವೆ. ಅಲ್ಲಿ ಒಂದು ಗೊಂಚಲನ್ನು ಅಂಗೈಯಲ್ಲಿಟ್ಟು ನೋಡಿದೆ: ಹೆಗಲಿನ ಕಡೆ ಸುಕ್ಕುಗಟ್ಟಿ ಒಣದ್ರಾಕ್ಷಿಯಾಗುತ್ತಿದ್ದ ಕಾಳುಗಳು, ನಡುವೆ ತುಂಬಿದ ಕಪ್ಪುನೇರಳೆ ಬಣ್ಣದವು, ಒಳಗೆ ಇನ್ನೂ ಗಟ್ಟಿಯಾಗಿ ಹಸಿರಾಗಿದ್ದ ನಾಲ್ಕೈದು. ಒಂದೇ ಗೊಂಚಲಿನಲ್ಲಿ ಕಾಯಿ, ಹಣ್ಣು, ಕಳಿತದ್ದು ಮೂರೂ ಇರುವುದು ಜಿನ್‌ಫಾಂಡೆಲ್‌ನ ಹುಟ್ಟುಗುಣ. ಹಸಿರು ಕಾಳುಗಳು ಹಣ್ಣಾಗಲೆಂದು ಕಾದರೆ ಒಣಗಿದವು ಸಕ್ಕರೆಯನ್ನು ಏರಿಸುತ್ತವೆ, ಆ ಸಕ್ಕರೆ ಹುದುಗಿ ಮದ್ಯಸಾರವಾಗುತ್ತದೆ. ಈ ತಳಿಯ ವೈನ್‌ಗಳಲ್ಲಿ ಮದ್ಯಸಾರ ಶೇಕಡಾ 15ರ ಆಸುಪಾಸಿಗೆ ಅಷ್ಟು ಸುಲಭವಾಗಿ ಹೋಗುವುದಕ್ಕೆ ಇದೇ ಕಾರಣ. ಯಾವ ದಿನ ಕೊಯ್ಯಬೇಕು ಎಂಬ ನಿರ್ಧಾರದಲ್ಲೇ ವೈನ್ ತಯಾರಕನ ಅರ್ಧ ಜಾಣ್ಮೆ ಇದೆ.

ಮೇರಿಯನ್ ತೋಟ ಮೋರ್-ಫ್ರೈ ರಾಂಚ್‌ನ ಸುಮಾರು 8 ಎಕರೆಯ ತುಂಡು. ಬೆಳೆಯುವವರು ಫ್ರೈ ಕುಟುಂಬ, ವೈನ್ ಮಾಡುವವರು ಸೇಂಟ್ ಅಮಾಂಟ್‌ನ ಸ್ಪೆನ್ಸರ್ ಕುಟುಂಬ. 2012ರ ಸುಗ್ಗಿಯಲ್ಲಿ ಆರು ವೈನರಿಗಳು ಸೇರಿ ಆರಂಭಿಸಿದ ಲೋಡೈ ನೇಟಿವ್ ಎಂಬ ಯೋಜನೆಗೆ ಸೇಂಟ್ ಅಮಾಂಟ್ ಇದೇ ತೋಟವನ್ನು ತಂದಿತ್ತು. ಸಹಜ ಯೀಸ್ಟ್‌ನಿಂದಲೇ ಹುದುಗಬೇಕು, ಹೊಸ ಓಕ್ ಪೀಪಾಯಿಯ ರುಚಿ ಸೇರಬಾರದು ಎಂಬುದು ಆ ಯೋಜನೆಯ ನಿಯಮವಾಗಿತ್ತು. ನಾನು ತೆರೆದದ್ದು ವೈನರಿಯ ಸಾಮಾನ್ಯ ಬಾಟಲಿಯೇ ಆದರೂ ಆ ಸಂಯಮ ಅದರಲ್ಲೂ ಕಂಡಿತು. ಬಣ್ಣ ಮೂರರಲ್ಲಿ ಅತ್ಯಂತ ತಿಳಿ. ಮೂಗಿಗೆ ಮೊದಲು ಬಂದದ್ದು ಹಣ್ಣಲ್ಲ, ಮೊದಲ ಮಳೆ ಬಿದ್ದ ಅಂಗಳದ ವಾಸನೆ, ಆಮೇಲೆ ಚೆರ್ರಿ. ನಾಲಿಗೆಯ ಮೇಲೆ ಒಗರು ಬಹಳ ಮೃದು. ನಾನು ಹುಡುಕುತ್ತಿದ್ದ ‘ಸ್ಥಳದ ಗುರುತು’ ಇದರಲ್ಲಿ ಮೊದಲ ಗುಟುಕಿಗೇ ಸಿಕ್ಕಿತು. ಕಾಗದ ಸುತ್ತಿದ್ದರೂ ಇದು ಲೋಡೈ ಎಂದು ಧೈರ್ಯವಾಗಿ ಬರೆದುಕೊಂಡೆ. ಕೊರತೆ ಕಂಡದ್ದು ಎರಡನೆಯ ದಿನ. ಮಣ್ಣಿನ ಪರಿಮಳ ಕುಗ್ಗಿತು, ಹಿಡಿದು ನಿಲ್ಲಿಸುವಷ್ಟು ಹುಳಿ ಇಲ್ಲದೆ ವೈನ್ ಸ್ವಲ್ಪ ಸಡಿಲವಾಯಿತು. ಮೂರನೆಯ ದಿನಕ್ಕೆ ಅದನ್ನು ಉಳಿಸಿಕೊಂಡದ್ದು ನನ್ನ ತಪ್ಪು, ಅದು ತೆರೆದ ದಿನವೇ ಮುಗಿಯಬೇಕಾದ ವೈನ್. ಮೂರರಲ್ಲಿ ಬೆಲೆಯೂ ಇದರದೇ ಕಡಿಮೆ.

ಆಲ್ಡೋ ಇದಕ್ಕೆ ತದ್ವಿರುದ್ಧ. ಇಟಲಿಯ ಲಿಗೂರಿಯಾದಿಂದ ಬಂದ ಬಿಯಾಲೆ ಕುಟುಂಬ ನಾಪಾದಲ್ಲಿ ದ್ರಾಕ್ಷಿಯ ಜೊತೆಗೆ ಹಣ್ಣಿನ ಮರ, ಕೋಳಿ ಸಾಕಣೆ ಎಲ್ಲವನ್ನೂ ಇಟ್ಟುಕೊಂಡಿತ್ತು. ತಂದೆ ತೀರಿಕೊಂಡ ಮೇಲೆ ಹುಡುಗ ವಯಸ್ಸಿನ ಆಲ್ಡೋ ಸಂಸಾರದ ಭಾರ ಹೊತ್ತು, ಮೊಟ್ಟೆ ಕೋಳಿಗಳ ಜೊತೆ ಮನೆಯಲ್ಲಿ ಮಾಡಿದ ಜಿನ್‌ಫಾಂಡೆಲ್ ಅನ್ನೂ ಗುಟ್ಟಾಗಿ ಮಾರುತ್ತಿದ್ದರು. ಆಗ ಊರಿನ ದೂರವಾಣಿ ತಂತಿ ಹಲವು ಮನೆಗಳಿಗೆ ಒಂದೇ ಆಗಿದ್ದುದರಿಂದ ಯಾರ ಮಾತು ಯಾರ ಕಿವಿಗೆ ಬೀಳುವುದೋ ಹೇಳಲಾಗುತ್ತಿರಲಿಲ್ಲ, ಹಾಗಾಗಿ ಗಿರಾಕಿಗಳು ವೈನ್ ಬೇಕಾದಾಗ ‘ಒಂದು ಕಪ್ಪು ಕೋಳಿ’ ಎಂದು ಕೇಳುತ್ತಿದ್ದರು. ಆ ಹೆಸರಿನ ವೈನ್ ಇಂದಿಗೂ ಆ ವೈನರಿಯಲ್ಲಿದೆ, ವೈನರಿ ಅಧಿಕೃತವಾಗಿ ಆರಂಭವಾದದ್ದು 1991ರಲ್ಲಿ. ಆಲ್ಡೋ ತೋಟವಿರುವ ಓಕ್ ನೋಲ್ ಪ್ರದೇಶ ನಾಪಾ ಕಣಿವೆಯ ದಕ್ಷಿಣದ ಕಡೆಗಿದ್ದು ಕೊಲ್ಲಿಯ ತಂಪುಗಾಳಿ ಅಲ್ಲಿಗೆ ತಲುಪುತ್ತದೆ. ಆದರೂ ನನ್ನ ಲೋಟದಲ್ಲಿದ್ದದ್ದು ಬಿಸಿಲಿನ ವೈನ್: ಕಳಿತ ನೇರಳೆ ಹಣ್ಣು, ಜೋನಿಬೆಲ್ಲದ ನೆನಪು ತರುವ ಗಾಢತೆ, ಓಕ್ ಪೀಪಾಯಿ ಕೊಟ್ಟ ಲವಂಗ. ಮೊದಲ ಸಂಜೆ ಮನೆಗೆ ಬಂದಿದ್ದ ಇಬ್ಬರು ಗೆಳೆಯರೂ ಇದಕ್ಕೇ ಮೊದಲ ಸ್ಥಾನ ಕೊಟ್ಟರು. ನಾನು ಕೊಡಲಿಲ್ಲ. ಹಣ್ಣಿನ ಸಂಪತ್ತು ಎಷ್ಟಿದ್ದರೂ ತೋಟದ ದನಿ ಪೀಪಾಯಿಯ ದನಿಯ ಹಿಂದೆ ನಿಂತಂತೆ ನನಗೆ ತೋರಿತು. ಕೋಣೆಯ ಶಾಖದಲ್ಲಿ ಗಂಟಲಿಗೆ ಬಿಸಿಯೂ ತಟ್ಟಿತು. ಬಾಟಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ಸುಮಾರು 16 ಡಿಗ್ರಿಗೆ ಇಳಿಸಿದಾಗ ಅದು ಬಹುಪಾಲು ಹೋಯಿತು, ಮತ್ತು ಅಡಗಿದ್ದ ಹುಳಿ ಮುಂದೆ ಬಂತು. ಕೆಂಪು ವೈನ್ ತಣ್ಣಗಿರಬಾರದು ಎಂಬ ನಂಬಿಕೆಯನ್ನು ಜಿನ್‌ಫಾಂಡೆಲ್ ವಿಷಯದಲ್ಲಾದರೂ ಬಿಟ್ಟುಬಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಾರ್ಲೈಲ್ ಮೊದಲ ಸಂಜೆ ಬಾಯಿ ಬಿಡಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಮೈಕ್ ಆಫಿಸರ್ ಅಡುಗೆಮನೆಯಲ್ಲಿ ಹವ್ಯಾಸಕ್ಕೆಂದು ವೈನ್ ಮಾಡಲು ತೊಡಗಿ, ಪತ್ನಿ ಕೆಂಡಲ್ ಜೊತೆ 1998ರಲ್ಲಿ ಕಟ್ಟಿದ ವೈನರಿ ಇದು. ಈ ತೋಟವಿರುವ ರಷ್ಯನ್ ರಿವರ್ ಕಣಿವೆಗೆ ಶಾಂತಸಾಗರದ ಮಂಜು ರಾತ್ರಿಯೆಲ್ಲ ಕವಿದಿರುತ್ತದೆ, ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ. ಈ ತೋಟದ ಇನ್ನೊಂದು ವಿಶೇಷವೆಂದರೆ ಜಿನ್‌ಫಾಂಡೆಲ್ ಸಾಲುಗಳ ನಡುವೆಯೇ ಬೇರೆ ಹತ್ತಾರು ತಳಿಗಳು ಬೆರೆತು ನಿಂತಿರುವುದು. ಹಿಂದಿನವರು ಮಿಶ್ರಣವನ್ನು ವೈನರಿಯಲ್ಲಿ ಮಾಡುತ್ತಿರಲಿಲ್ಲ, ತೋಟದಲ್ಲೇ ನೆಡುತ್ತಿದ್ದರು: ಒಗರಿಗೆ ಪೆಟಿಟ್ ಸಿರಾ, ಹುಳಿಗೆ ಕ್ಯಾರಿನ್ಯಾನ್, ಬಣ್ಣಕ್ಕೆ ತಿರುಳೂ ಕೆಂಪಾಗಿರುವ ಅಲಿಕಾಂಟೆ ಬುಷೆ. ನಮ್ಮ ಊರುಗಳ ಅಕ್ಕಡಿ ಸಾಲಿನ ಲೆಕ್ಕಾಚಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ಬರೀ ಬಿಗಿಯಾದ ಒಗರು, ಕಾಳುಮೆಣಸು. ಎರಡನೆಯ ದಿನ ರಾಸ್ಪ್‌ಬೆರಿ ತೆರೆದುಕೊಂಡಿತು, ಅದರ ಬೆನ್ನಿಗೆ ಒಣಗಿದ ಗುಲಾಬಿ ಎಸಳಿನಂತಹ ಒಂದು ಎಳೆ. ಮೂರನೆಯ ದಿನ ಉಳಿದೆರಡೂ ಇಳಿಮುಖವಾಗಿದ್ದಾಗ ಇದು ಇನ್ನೂ ಏರುತ್ತಿತ್ತು.

ಆ ಮೂರನೆಯ ಸಂಜೆ ಮನೆಯಲ್ಲಿ ಪಂದಿಕರಿ ಮಾಡಿದ್ದೆವು. ಹೆಂಡತಿಯ ತವರು ಮಡಿಕೇರಿ, ಅಲ್ಲಿಂದ ತಂದ ಕಾಚಂಪುಳಿ ನಮ್ಮ ಮನೆಯಲ್ಲಿ ಸದಾ ಇರುತ್ತದೆ. ಆ ಕಪ್ಪು ಹುಳಿಯ ಮುಂದೆ ಮೇರಿಯನ್ ಸಪ್ಪೆಯಾಯಿತು, ಆಲ್ಡೋ ಸಿಹಿಯಾಗಿ ಕಂಡಿತು, ಕಾರ್ಲೈಲ್ ಮಾತ್ರ ಹುಳಿಗೆ ಹುಳಿಯಾಗಿ, ಮೆಣಸಿಗೆ ಮೆಣಸಾಗಿ ನಿಂತಿತು. ಮೆಣಸು ಬೆರೆತ ಕೊಬ್ಬಿನ ಮಾಂಸಕ್ಕೆ ಇಷ್ಟು ಒಪ್ಪುವ ವೈನ್ ನನಗೆ ಮತ್ತೊಂದು ಸಿಕ್ಕಿಲ್ಲ. ಮೇರಿಯನ್‌ಗೆ ಹೊಂದಿದ್ದು ಮೊದಲ ದಿನದ ಬದನೆಕಾಯಿ ಎಣ್ಣೆಗಾಯಿ. ಹುರಿದ ಕಡಲೆಕಾಯಿ, ಎಳ್ಳಿನ ಮಸಾಲೆಗೆ ಅದರ ಮೃದುತನವೇ ಬೇಕಾಗಿತ್ತು.

ಈ ತಳಿಯ ಮೂಲ ಎಲ್ಲಿಯದು ಎಂಬ ಪ್ರಶ್ನೆ ಬಹುಕಾಲ ಬಗೆಹರಿದಿರಲಿಲ್ಲ. 2001ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾರೋಲ್ ಮೆರೆಡಿತ್ ಮತ್ತು ಝಾಗ್ರೆಬ್‌ನ ವಿಜ್ಞಾನಿಗಳು ಕ್ರೊಯೇಷಿಯಾದ ಕಡಲತೀರದ ಒಂದು ಹಳೆಯ ತೋಟದ ಬಳ್ಳಿಯ ಡಿಎನ್‌ಎ ಇದಕ್ಕೆ ಸಮನಾಗಿದೆ ಎಂದು ತೋರಿಸಿದರು. ಅಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದ ಬಳ್ಳಿ ಇಲ್ಲಿ ಮೂರು ಕಣಿವೆಗಳಲ್ಲಿ ಮೂರು ಬೇರೆ ಬೇರೆ ರುಚಿಯಾಗಿ ಬೆಳೆದಿದೆ, ಮತ್ತು ಒಂದೇ ತೋಟದ ವೈನಿಗೆ ಹೆಚ್ಚು ಕೊಡಬೇಕೇ ಎಂದು ಕೇಳಿದ ಗೆಳೆಯರಿಗೆ ನಾನು ತೋರಿಸಬಯಸುವುದು ಈ ವ್ಯತ್ಯಾಸವನ್ನೇ. ಮೂರು ಕಡೆಯ ಹಣ್ಣನ್ನೂ ಒಂದೇ ತೊಟ್ಟಿಗೆ ಸುರಿದಿದ್ದರೆ ಮರಳಿನ ಮೃದುತನವಾಗಲಿ, ಮಂಜಿನ ಹುಳಿಯಾಗಲಿ ಬೇರೆಯಾಗಿ ನಾಲಿಗೆಗೆ ಸಿಗುತ್ತಿರಲಿಲ್ಲ. ಹೊಸದಾಗಿ ಶುರು ಮಾಡುವವರು ಮೇರಿಯನ್ ಕೊಳ್ಳಲಿ, ಗಟ್ಟಿ ಹಣ್ಣಿನ ರುಚಿ ಮೆಚ್ಚುವವರು ಆಲ್ಡೋ ಕೊಳ್ಳಲಿ. ನಾನು ಕಾರ್ಲೈಲ್‌ನ ಇನ್ನೆರಡು ಬಾಟಲಿ ತಂದು, ಮನೆಯಲ್ಲಿ ಅತ್ಯಂತ ತಂಪಾಗಿರುವ ಮೆಟ್ಟಿಲಡಿಯ ಗೂಡಿನಲ್ಲಿ ಮಲಗಿಸಿಟ್ಟಿದ್ದೇನೆ. ಐದು ವರ್ಷ ಅವನ್ನು ಮುಟ್ಟುವುದಿಲ್ಲ.