ಮೂರು ಪಿಕಪ್, ಒಂದು ಮಳೆಗಾಲ

ಮಲೆನಾಡಿನವರಿಗೆ ಎಸಿ ಯಾಕೆ? ಹತ್ತು ವರ್ಷ ನಾನೇ ಈ ಪ್ರಶ್ನೆ ಕೇಳಿಕೊಂಡು ತಿರುಗಿದ್ದೇನೆ. ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಇಳಿಸಲು ಸರದಿ ಕಾಯುವಾಗ ಗಾಡಿಯವರ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಒಬ್ಬರಿಗೆ ಬೊಲೆರೊ ಬಿಟ್ಟರೆ ಬೇರೆ ಪಿಕಪ್ಪೇ ಇಲ್ಲ. ಇನ್ನೊಬ್ಬರು ಯೋಧ ಅನ್ನುತ್ತಾರೆ, ಮತ್ತೊಬ್ಬರು ದೋಸ್ತ್. ಮೊದಲೆಲ್ಲ ಜಗಳ ಮೈಲೇಜಿನದು, ರೀಸೇಲ್‌ನದು. ಈಗ ಎಸಿ, ಕ್ಯಾಮರಾ, ಆ್ಯಪ್. "ಮೂಟೆ ಹೊರೋ ಗಾಡಿಗೆ ಇವೆಲ್ಲ ಯಾಕ್ರೀ, ದಿಬ್ಬಣ ಹೋಗ್ತೀರಾ?" ಅಂತ ಒಬ್ಬರು ಶುರು ಮಾಡಿದರೆ ಸರದಿ ಬರುವವರೆಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ನನಗೆ ಮೂರು ಥರದ ಪಿಕಪ್ ಓಡಿಸುವ ಯೋಗ ತಾನಾಗಿ ಬಂತು. ಒಂದು ನಮ್ಮದೇ ಹಳೇ ಗಾಡಿ, 2014ರ ಮಾಡೆಲ್. ಸೌಕರ್ಯ ಅಂತ ಅದರಲ್ಲಿರುವುದು ಪವರ್ ಸ್ಟೀರಿಂಗ್ ಒಂದೇ. ಎರಡನೆಯದು ಭಾವನದು. ಅದೂ ಸಿಂಗಲ್ ಕ್ಯಾಬಿನ್ನೇ, ಆದರೆ ಎರಡು ವರ್ಷದ ಹಿಂದೆ ತಗೊಂಡಿದ್ದು. ಎಸಿ ಇದೆ, ಪವರ್ ವಿಂಡೋ ಇದೆ, ಸೀಟು ಮೇಲೆ ಕೆಳಗೆ ಆಗುತ್ತದೆ, ಫೋನಿನಲ್ಲಿ ಆ್ಯಪ್ ಇದೆ. ಭಾವನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಗಾಡಿ ಎರಡು ತಿಂಗಳು ನಮ್ಮ ಅಂಗಳದಲ್ಲಿತ್ತು. ಮೂರನೆಯದು ಸಾಗರದಲ್ಲಿರುವ ಚಿಕ್ಕಪ್ಪನ ಮಗನ ಡಬಲ್ ಕ್ಯಾಬಿನ್, ಎರಡು ಸಾಲು ಸೀಟಿನದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಫೋರ್ ಬೈ ಫೋರ್, ಆಟೋಮ್ಯಾಟಿಕ್, ಟಿವಿಯಂಥ ಸ್ಕ್ರೀನು. ಅವನು ಹನ್ನೆರಡು ದಿನ ಊರಲ್ಲಿರಲಿಲ್ಲ, ಕೀ ಕೊಟ್ಟು ಹೋದ. ಕಂಪನಿ ಹೆಸರು ಹೇಳುವುದಿಲ್ಲ. ಒಂದೊಂದೇ ಗಾಡಿ ಓಡಿಸಿ ಕಂಪನಿಯ ಜಾತಕ ಬರೆಯುವುದು ಸರಿಯಲ್ಲ ಅಲ್ವಾ?

ನಮ್ಮ ಮನೆ ಕೋಣಂದೂರಿನಿಂದ ಒಳಗೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ. ಒಂದು ಕಡೆ ಗೋಡೆಯಂಥ ಮಣ್ಣಿನ ಧರೆ, ಇನ್ನೊಂದು ಕಡೆ ತೋಟದ ಅಗಳ.

ಎಸಿಯಿಂದಲೇ ಶುರು ಮಾಡುತ್ತೇನೆ. ಜುಲೈ ತಿಂಗಳು, ರಾತ್ರಿ ಎಂಟೂವರೆ, ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಬರುತ್ತಿದ್ದೇವೆ ಅಂದುಕೊಳ್ಳಿ. ಒಂದು ಪಕ್ಕ ತುಂಗೆ, ಒಂದು ಪಕ್ಕ ಕಾಡು, ಮೇಲಿನಿಂದ ಮಳೆ. ಹಳೇ ಗಾಡಿಯ ಕ್ಯಾಬಿನ್ನಿನಲ್ಲಿ ಮೂರು ಜನ, ಮೂರು ಒದ್ದೆ ರೇನ್‌ಕೋಟು. ಹತ್ತು ನಿಮಿಷಕ್ಕೆ ಮುಂದಿನ ಗಾಜು ಒಳಗಡೆಯಿಂದ ಹಾಲಿನ ಥರ ಬೆಳ್ಳಗಾಗುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಟವೆಲ್. ಒರೆಸಿದ ಕಡೆ ಗೆರೆಗೆರೆ. ಎದುರಿನಿಂದ ಬಸ್ಸು ಬಂದರೆ ಆ ಗೆರೆಗಳ ಮೇಲೆಲ್ಲ ಲೈಟು ಹರಡಿ ರಸ್ತೆ ಯಾವುದು, ಚರಂಡಿ ಯಾವುದು ತಿಳಿಯುವುದಿಲ್ಲ. ಕಿಟಕಿ ತೆಗೆದರೆ ಗಾಜು ತಿಳಿಯಾಗುತ್ತದೆ, ನಾವು ನೆನೆಯುತ್ತೇವೆ. ನಾನು ಮಾಡದ ಮದ್ದಿಲ್ಲ. ಗಾಜಿನ ಹೊರಗೆ ಹೊಗೆಸೊಪ್ಪು ಉಜ್ಜಿದ್ದೇನೆ, ಒಳಗೆ ಶಾಂಪೂ ಸವರಿ ಒಣಬಟ್ಟೆಯಲ್ಲಿ ಒರೆಸಿದ್ದೇನೆ. ಶಾಂಪೂ ಸ್ವಲ್ಪ ಹೊತ್ತು ತಡೆಯುತ್ತದೆ. ಸ್ವಲ್ಪ ಹೊತ್ತು ಮಾತ್ರ.

ಭಾವನ ಗಾಡಿಯಲ್ಲಿ ಮೊದಲ ರಾತ್ರಿ ಅದೇ ಜಾಗದಲ್ಲಿ ಗಾಜು ಮಸುಕಾಯಿತು. ಎಸಿ ಒತ್ತಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಕೆಳಗಿನ ಎರಡು ಮೂಲೆಯಿಂದ ಗಾಜು ತಿಳಿಯಾಗುತ್ತಾ ಮೇಲೆ ಬಂತು. ನಾನು ಸುಮ್ನೆ ನೋಡುತ್ತಾ ಕುಳಿತೆ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಸಿ ತನ್ನ ತಣ್ಣನೆಯ ಕಾಯಿಲ್ ಮೇಲೆ ಹನಿಯಾಗಿಸಿ ಹೊರಗೆ ಸುರಿಯುತ್ತದೆ. ಒಣಗಿದ ಗಾಳಿ ಗಾಜಿನ ಮೇಲಿನ ತೇವವನ್ನು ಎಳೆದುಕೊಳ್ಳುತ್ತದೆ. ಅಂದರೆ ನಮ್ಮಲ್ಲಿ ಎಸಿ ತಂಪಿಗಲ್ಲ, ಕಣ್ಣಿಗೆ. ಬಯಲುಸೀಮೆಯವರಿಗೆ ಬೇಸಿಗೆಯಲ್ಲಿ ಎಷ್ಟು ಬೇಕೋ ನಮಗೆ ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ ಬೇಕು. ಒಂದು ಎಡವಟ್ಟು ಮಾಡಿಕೊಳ್ಳಬೇಡಿ. ತೀರಾ ತಣ್ಣಗಿಟ್ಟರೆ ಗಾಜೇ ತಣ್ಣಗಾಗಿ ಹೊರಗಡೆಯಿಂದ ಮಂಜು ಕೂರುತ್ತದೆ, ಆಗ ವೈಪರ್ ಹಾಕಬೇಕು. ಹೀಟರ್ ಇದ್ದರೆ ಜೊತೆಗೆ ಸ್ವಲ್ಪ ತಿರುಗಿಸಿ. ಹೊರಗಿನ ಗಾಳಿ ಬರುವಂತೆ ಇಟ್ಟುಕೊಳ್ಳಿ, ಒಳಗಿನದನ್ನೇ ಸುತ್ತಿಸಬೇಡಿ.

ಡೀಸೆಲ್ ಜಾಸ್ತಿ ಕುಡಿಯುತ್ತದೆ ಅನ್ನುವುದು ನಿಜ. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಶಿವಮೊಗ್ಗಕ್ಕೆ ಹೋಗಿಬರುವ ಒಂದು ಟ್ರಿಪ್ಪಿಗೆ ಫರಕು, ತೀರ್ಥಹಳ್ಳಿಯಲ್ಲಿ ಇಬ್ಬರು ಬನ್ಸು, ಚಾ ಮುಗಿಸುವಷ್ಟು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಟ್ರಕ್‌ಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆಯಲ್ಲ, ಅದು ಒಟ್ಟು ತೂಕ 3.5 ಟನ್ ದಾಟಿದ ಗಾಡಿಗಳಿಗೆ. ನಮ್ಮ ಪಿಕಪ್‌ಗಳು ಹೆಚ್ಚಿನವು ಅದರ ಒಳಗೇ ಬರುತ್ತವೆ. ಹಾಗಾಗಿ ಕೇಳಿ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದವರು ನಾವೇ.

ಸೀಟಿನ ವಿಷಯಕ್ಕೆ ಯಾರ್ಡಿನಲ್ಲಿ ನಕ್ಕರು. ನಾನು ಐದಡಿ ಇರುವವಳು. ಹಳೇ ಗಾಡಿಯಲ್ಲಿ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡು ಕೂರುತ್ತೇನೆ. ಬ್ರೇಕ್ ಹಿಡಿದಾಗ ಚೀಲ ಮುಂದೆ ಜಾರುತ್ತದೆ, ಜೊತೆಗೆ ನಾನೂ. ಭಾವನ ಗಾಡಿಯಲ್ಲಿ ಪಕ್ಕದ ಲಿವರ್ ನಾಲ್ಕು ಸಲ ಎಳೆದೆ. ಬಾನೆಟ್‌ನ ಆಚೆ ಮಣ್ಣು ಕಂಡಿತು! ನಮ್ಮ ಮನೆ ಏರು ಹತ್ತಿ ತುದಿಗೆ ಬಂದಾಗ ಆಚೆ ಬದಿ ಬೈಕು ಬರುತ್ತಿದೆಯೋ, ದನ ಮಲಗಿದೆಯೋ ಅಂತ ಇಷ್ಟು ವರ್ಷ ಹಾರನ್ ಹೊಡೆದು ದೇವರ ಮೇಲೆ ಭಾರ ಹಾಕುತ್ತಿದ್ದೆ. ಆರಡಿ ಎತ್ತರದವರು ಇದನ್ನು ಶೋಕಿ ಅಂದರೆ ಅನ್ನಲಿ.

ಪವರ್ ವಿಂಡೋಗೆ ನನ್ನ ವೋಟಿಲ್ಲ. ಒಂದು ದಿನ ಮಾಸ್ತಿಕಟ್ಟೆ ಹತ್ತಿರ ಗಾಜು ಇಳಿಸಿ ದಾರಿ ಕೇಳಿದೆ, ಮತ್ತೆ ಮೇಲೆ ಬರಲೇ ಇಲ್ಲ. ಫ್ಯೂಸ್ ಹೋಗಿತ್ತು. ಬಲಗಡೆ ಮೈಯೆಲ್ಲ ನೆನೆದುಕೊಂಡು ಮನೆ ಮುಟ್ಟಿದೆ. ಹಳೇ ಗಾಡಿಯ ಹ್ಯಾಂಡಲ್ ಮುರಿದು ಮೂರು ವರ್ಷ ಆಯಿತು. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸುತ್ತೇನೆ, ಗಾಜು ಏರುತ್ತದೆ.

ಇನ್ನು ಆ್ಯಪ್. ಗಾಡಿ ಎಲ್ಲಿದೆ, ಡೀಸೆಲ್ ಎಷ್ಟಿದೆ, ಡ್ರೈವರ್ ಎಷ್ಟು ಸಲ ಜೋರಾಗಿ ಬ್ರೇಕ್ ಹಾಕಿದ, ಎಲ್ಲ ಫೋನಿಗೆ ಬರುತ್ತದೆ. ಅನುಕೂಲವೇ, ಆದರೆ ಯಾರಿಗೆ? ಮಂಡಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಭಾವನಿಗೆ ಬೇರೆ ಕೆಲಸ ಇರಲಿಲ್ಲ. ಹೊಸನಗರ ರಸ್ತೆಯಲ್ಲಿ ಹೋಗುತ್ತಿದ್ದೆ, ಫೋನ್ ಬಂತು.

"ಬ್ರೇಕ್ ಜೋರಾಗಿ ಹಾಕಿದ್ಯಂತೆ, ಎಂತಾಯ್ತು?"

"ಕಾಡುಕೋಣ ಅಡ್ಡ ಬಂತು ಭಾವ."

"ಕೋಣಕ್ಕೆಂತಾದ್ರೂ ಆಯ್ತಾ?"

"ಇಲ್ಲ."

"ಗಾಡಿಗೆ?"

ನನ್ನನ್ನು ಕೇಳಲೇ ಇಲ್ಲ. ನಾಲ್ಕಾರು ಗಾಡಿ ಇಟ್ಟು ಡ್ರೈವರ್‌ಗಳ ಕೈಗೆ ಕೊಟ್ಟವರಿಗೆ ಆ್ಯಪ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸ್ವಂತ ಓಡಿಸುವವರಿಗೆ ಡೀಸೆಲ್ ಮುಳ್ಳು ಸಾಕು. ಅಲ್ಲದೆ ನಮ್ಮ ಕಡೆ ಟವರ್ ಸಿಗುವುದೇ ಗುಡ್ಡದ ನೆತ್ತಿಯಲ್ಲಿ. ಗಾಡಿ ನಮ್ಮ ಅಂಗಳದಲ್ಲಿ ನಿಂತಿದ್ದರೆ ಆ್ಯಪ್ ಪ್ರಕಾರ ಅದು ಮೂರು ತಾಸಿನಿಂದ ಕೋಣಂದೂರಿನಲ್ಲೇ ಇರುತ್ತದೆ.

ಕ್ಯಾಮರಾ ಇದ್ದದ್ದು ಡಬಲ್ ಕ್ಯಾಬಿನ್ನಿಗೆ ಮಾತ್ರ. ನಾನು ಅಡಿಕೆ ಮಂಡಿ ಮುಂದೆ ರಿವರ್ಸ್ ಹಾಕಿದರೆ ಯಾರೋ ಒಬ್ಬ ಹುಡುಗ ಓಡಿ ಬಂದು "ಅಕ್ಕಾ, ನಾ ತಗೊಳ್ಲಾ?" ಅನ್ನುತ್ತಾನೆ. ಹನ್ನೊಂದು ವರ್ಷದಿಂದ ಓಡಿಸುತ್ತಿದ್ದೇನೆ, ಇನ್ನೂ ಕೇಳುತ್ತಾರೆ. ಹಾಗಾಗಿ ಕ್ಯಾಮರಾದ ಮೇಲೆ ನನಗೆ ಆಸೆ ಇತ್ತು. ಒಣ ರಸ್ತೆಯಲ್ಲಿ, ರಾತ್ರಿ ಹೊತ್ತು ಬಹಳ ಚೆನ್ನ. ಮಣ್ಣು ರಸ್ತೆಯಲ್ಲಿ ಕಾಲು ತಾಸು ಓಡಿದರೆ ಕೆಸರು ಮೆತ್ತಿ ಸ್ಕ್ರೀನಿನಲ್ಲಿ ಕೆಂಪು ಬಣ್ಣ ಬಿಟ್ಟರೆ ಏನಿಲ್ಲ. ಇಳಿದು ಸೆರಗಿನಲ್ಲಿ ಒರೆಸಬೇಕು. ಇಳಿದ ಮೇಲೆ ಹಿಂದೆ ಏನಿದೆ ಅಂತ ಕಣ್ಣಿಗೇ ಕಾಣುತ್ತದಲ್ಲ! ಇನ್ನೊಂದು ತಮಾಷೆ. ಕ್ಯಾಮರಾ ಇರುವುದು ಹಿಂದಿನ ಡೋರಿನ ಹಿಡಿಯಲ್ಲಿ. ಉದ್ದದ ಪೈಪ್ ಹಾಕಿ ಡೋರ್ ಕೆಳಗೆ ಬಿಟ್ಟರೆ ಅದು ಟಾರು ತೋರಿಸುತ್ತದೆ. ನಿಜಕ್ಕೂ ಕ್ಯಾಮರಾ ಬೇಕಾಗಿರುವುದು ಟಾರ್ಪಾಲ್ ಕಟ್ಟಿದ ಲೋಡ್ ಗಾಡಿಗೆ. ಹಿಂದಿನ ಗಾಜಿನಲ್ಲಿ ಮೂಟೆ ಬಿಟ್ಟರೆ ಏನೂ ಕಾಣದಿರುವುದು ಅಲ್ಲಿ. ಸದ್ಯಕ್ಕೆ "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನುವ ಹುಡುಗನೇ ವಾಸಿ. ಅವನಿಗೆ ಕೆಸರು ಮೆತ್ತಿದರೆ ಅವನೇ ತೊಳೆದುಕೊಳ್ಳುತ್ತಾನೆ.

ಆ ಟಚ್ ಸ್ಕ್ರೀನ್ ಬಗ್ಗೆ ಒಂದೇ ಮಾತು. ಒದ್ದೆ ಬೆರಳಿಗೆ ಅದು ಮಾತು ಕೇಳುವುದಿಲ್ಲ. ಮಳೆಗಾಲದಲ್ಲಿ ನನ್ನ ಬೆರಳು ಒಣಗುವುದು ಒಲೆ ಮುಂದೆ ಕೂತಾಗ ಮಾತ್ರ.

ಹಿಲ್ ಹೋಲ್ಡ್ ಅಂತ ಇನ್ನೊಂದಿದೆ. ಹುಲಿಕಲ್ ಘಾಟಿಯಲ್ಲಿ ಲಾರಿ ಹಿಂದೆ ನಿಂತಾಗ ಬ್ರೇಕ್ ಬಿಟ್ಟರೂ ಒಂದೆರಡು ಸೆಕೆಂಡು ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ಚು, ಎಕ್ಸಲೇಟರ್ ಹೊಂದಿಸಿ, ಎಡಗಾಲು ನಡುಗಿಸಿಕೊಂಡು ಏಳುವ ಕಷ್ಟ ಇಲ್ಲ. ಬೇಜಾರೇನು ಅಂದರೆ, ಅದು ಇದ್ದದ್ದು ಮೂಟೆ ಹೊರದ ಡಬಲ್ ಕ್ಯಾಬಿನ್ನಿಗೆ. ಹದಿನೆಂಟು ಮೂಟೆ ಅಡಿಕೆ, ಅಂದರೆ ಹೆಚ್ಚುಕಮ್ಮಿ 1,250 ಕಿಲೋ ಹೊರುವ ನನ್ನ ಗಾಡಿಗೆ, ಚಕ್ರಕ್ಕೆ ಅಡ್ಡ ಕೊಡಲು ಸೀಟಿನ ಹಿಂದೆ ಇಟ್ಟುಕೊಂಡ ಎರಡು ಕಲ್ಲು.

ಹಾಗಂತ ಡಬಲ್ ಕ್ಯಾಬಿನ್ನನ್ನು ಹಳಿಯುತ್ತಿಲ್ಲ. ಎರಡು ವಿಷಯಕ್ಕೆ ನನಗೆ ಹೊಟ್ಟೆಕಿಚ್ಚು. ಒಂದು, ಫೋರ್ ಬೈ ಫೋರ್. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಡ್ರಮ್ಮು, ಮೋಟರು ಏರಿಸಿಕೊಂಡು ಮೇಲಿನ ತೋಟಕ್ಕೆ ಹೊರಟೆ. ನಡುವೆ ಹಿಂದಿನ ಚಕ್ರ ಸುಮ್ನೆ ತಿರುಗತೊಡಗಿತು. ಹಳೇ ಗಾಡಿಯಾದರೆ ಅಡಿಕೆ ದಬ್ಬೆ, ಸೊಪ್ಪು, ಕಲ್ಲು, ಐದು ಜನ, ಅರ್ಧ ದಿನ. ಇಲ್ಲಿ ನಾಬ್ ತಿರುಗಿಸಿದೆ. ಗಾಡಿ ಕೆಸರಿನಿಂದ ಎಮ್ಮೆ ಎದ್ದ ಹಾಗೆ ನಿಧಾನಕ್ಕೆ ಎದ್ದು ಬಂತು. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಗಾಡಿ ನೂಕಲು ಪಂಚೆ ಎತ್ತಿ ಕಟ್ಟಿಕೊಂಡಿದ್ದರು, ಮತ್ತೆ ಬಿಚ್ಚಿಕೊಂಡರು.

ಎರಡನೆಯದು ಯಾರೂ ಲೆಕ್ಕಕ್ಕೆ ಇಡದ ವಸ್ತು. ಗಾಡಿಯ ಹಿಂದಿನ ಬಾಡಿಯೊಳಗೆ ಹಾಸಿದ ಗಟ್ಟಿ ಪ್ಲಾಸ್ಟಿಕ್ ಲೈನರ್. ಕೊಳೆ ಔಷಧಿ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಹದವಾಯಿತಾ ಅಂತ ನಾವು ಕತ್ತಿ ಅದ್ದಿ ನೋಡುತ್ತೇವೆ. ಅಲಗು ಕೆಂಪಗಾದರೆ ತಾಮ್ರ ಹತ್ತಿದೆ ಅಂತ ಅರ್ಥ, ಸುಣ್ಣ ಸಾಲದು. ಕತ್ತಿಗೆ ಆಗುವುದೇ ಗಾಡಿಯ ತಗಡಿಗೂ ಆಗುತ್ತದೆ. ಮೈಲುತುತ್ತದ ನೀರು ಚೆಲ್ಲಿ ಚೆಲ್ಲಿ ನಮ್ಮ ಹಳೇ ಗಾಡಿಯ ನೆಲ ತುಕ್ಕು ತಿಂದು, ಈಗ ಮೂರನೇ ತೇಪೆ ಮೇಲಿದೆ. ಲೈನರ್ ಮೇಲೆ ಅರ್ಧ ಬಕೆಟ್ ಚೆಲ್ಲಿತು. ಪೈಪ್ ಹಿಡಿದೆ, ತೊಳೆದು ಹೋಯಿತು.

ಆದರೆ ಅದರ ಬಾಡಿ ಐದಡಿ, ನಮ್ಮದು ಎಂಟೂವರೆ. ಬೆಲೆ 25 ಲಕ್ಷದ ಮೇಲೆ, ನಮ್ಮಂಥ ಹೊಸ ಪಿಕಪ್ 10 ಲಕ್ಷದ ಆಚೀಚೆ. ಬಿಳಿ ಬೋರ್ಡು ಬೇರೆ. ಪಕ್ಕದ ಮನೆಯವರ ಅಡಿಕೆ ಬಾಡಿಗೆಗೆ ಹೊಡೆಯುವ ಹಾಗಿಲ್ಲ. ಅಂಚೂ ಎತ್ತರ. ಹಮಾಲರು ಒಂದು ಮೂಟೆ ದಾಟಿಸಿ ನನ್ನ ಮುಖ ನೋಡಿದರು. ಎರಡನೇ ಸಲ ಅದರಲ್ಲಿ ಮೂಟೆ ಒಯ್ಯಲಿಲ್ಲ.

ಮೂರೂ ಕಂಪನಿಯವರು ಮರೆತದ್ದು ಹಗ್ಗದ ಕೊಕ್ಕೆ. ಟಾರ್ಪಾಲ್ ಬಿಗಿಯಾಗಿ ಕೂರಬೇಕಾದರೆ ಒಂದೊಂದು ಮೊಳಕ್ಕೆ ಒಂದು ಕೊಕ್ಕೆ ಬೇಕು. ಇಲ್ಲದಿದ್ದರೆ ನಡುವೆ ಬಾಯಿ ಬಿಟ್ಟು, ನೀರು ನುಗ್ಗಿ, ಮಂಡಿಯಲ್ಲಿ ಚೀಲ ಬಿಚ್ಚಿದಾಗ ರಾಶಿ ಅಡಿಕೆಗೆ ಬೂಷ್ಟಿನ ವಾಸನೆ. ನಮ್ಮ ಹಳೇ ಗಾಡಿಗೆ ಕೋಣಂದೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಹದಿನಾಲ್ಕು ಹಾಕಿಸಿದ್ದೇನೆ. ಭಾವನ ಗಾಡಿಗೂ ಅವರನ್ನು ಕೇಳದೆ ಆರು ಹಾಕಿಸಿಬಿಟ್ಟೆ. ವೆಲ್ಡಿಂಗ್ ಮಾಡಿದರೆ ವಾರಂಟಿ ಹೋಗುತ್ತದೆ ಅಂತ ಗಾಡಿ ವಾಪಸ್ ತಗೊಂಡ ದಿನ ಬೈದರು. ಸುಗ್ಗಿಯಲ್ಲಿ ಫೋನ್ ಮಾಡಿ, ಎಡಗಡೆ ಇನ್ನೆರಡು ಬೇಕಿತ್ತು ಅಂದರು.

ಯುಗಾದಿ ಹೊತ್ತಿಗೆ ಗಾಡಿ ಬದಲಿಸುವ ಯೋಚನೆ ಇದೆ. ಸಿಂಗಲ್ ಕ್ಯಾಬಿನ್ನೇ. ಎಸಿ ಇರಬೇಕು, ಸೀಟು ಏರಬೇಕು. ಕಿಟಕಿಗೆ ಹ್ಯಾಂಡಲ್ ಇರುವ ಮಾಡೆಲ್‌ನಲ್ಲಿ ಎಸಿ ಬರುತ್ತದಾ ಅಂತ ಶೋರೂಮಿನ ಹುಡುಗನನ್ನು ಕೇಳಿದೆ. ಅವನು ನಕ್ಕ.