ಫಿಯೊ: ಡೇಟಾಬೇಸ್ ಸರ್ವರ್‌ನ ಡಿಸ್ಕ್ ಅಳೆಯುತ್ತ ಎರಡು ವರ್ಷ

ಮಂಡ್ಯದ ನಮ್ಮ ಸಣ್ಣ ಕಛೇರಿಯಿಂದ ಸುತ್ತಲಿನ ಎಂಬತ್ತು ಹಾಲು ಉತ್ಪಾದಕರ ಸಹಕಾರ ಸಂಘಗಳ ಲೆಕ್ಕದ ತಂತ್ರಾಂಶ ನಡೆಯುತ್ತದೆ. ಬೆಳಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಈ ಎರಡು ಹೊತ್ತು ಪಾಂಡವಪುರದಿಂದ ಮಳವಳ್ಳಿಯವರೆಗೆ ಎಲ್ಲ ಡೇರಿಗಳಲ್ಲೂ ಒಮ್ಮೆಲೇ ಹಾಲು ಅಳೆಯುತ್ತಾರೆ. ಒಬ್ಬೊಬ್ಬರ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ದಾಖಲಾಗಿ ಕೈಗೆ ಚೀಟಿ ಬರಬೇಕು. ಇದರ ಹಿಂದಿರುವುದು ಒಂದೇ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಹಳೆಯ ಸರ್ವರ್‌ನಲ್ಲಿ ನಿಮಿಷಕ್ಕೆ 7200 ಸುತ್ತು ತಿರುಗುವ ಎರಡು ಡಿಸ್ಕ್‌ಗಳಿದ್ದವು. ಹದಿನೈದು ದಿನಕ್ಕೊಮ್ಮೆ ಬಟವಾಡೆಯ ಲೆಕ್ಕ ರಾತ್ರಿ ಎರಡು ಗಂಟೆಗೆ ಶುರುವಾಗಿ ಬೆಳಗಿನ ಹಾಲಿನ ಹೊತ್ತಿನವರೆಗೂ ಎಳೆಯುತ್ತಿತ್ತು. ಅಂಥದೊಂದು ಬೆಳಗ್ಗೆ ಕಾರ್ಯದರ್ಶಿಯೊಬ್ಬರು ಫೋನ್ ಮಾಡಿ, "ಏನ್ ಸಾರ್, ಚೀಟಿನೇ ಬತ್ತಿಲ್ಲ, ಜನ ಕ್ಯಾನ್ ಇಟ್ಕೊಂಡು ಸಾಲಾಗಿ ನಿಂತವ್ರೆ" ಎಂದಾಗ ಹೊಸ ಸರ್ವರ್ ಕೊಳ್ಳುವುದೆಂದು ತೀರ್ಮಾನಿಸಿದೆವು. ಕೊಳ್ಳುವ ಮೊದಲು ಅದರ ಡಿಸ್ಕ್ ಅಳೆಯಲು ಫಿಯೊ ಎಂಬ ತಂತ್ರಾಂಶವನ್ನು ಹಿಡಿದೆವು. ಆಗಿನಿಂದ ಈಗಿನವರೆಗೆ ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಓಡಿಸುತ್ತ ಬಂದಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟ ಒಂದು ಅಂಕದ ಕಾರಣವನ್ನೂ ಹೇಳುತ್ತೇನೆ.

ಫಿಯೊ ಉಚಿತ, ಮುಕ್ತ ತಂತ್ರಾಂಶ. ಬರೆದವರು ಲಿನಕ್ಸ್ ಕರ್ನಲ್‌ನಲ್ಲಿ ಡಿಸ್ಕ್‌ಗಳ ಜೊತೆ ಮಾತನಾಡುವ ಬ್ಲಾಕ್ ಪದರವನ್ನು ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ. ಡೆಬಿಯನ್, ಉಬುಂಟುಗಳಲ್ಲಿ ಒಂದೇ ಆಜ್ಞೆಯಲ್ಲಿ ಅನುಸ್ಥಾಪನೆ ಮುಗಿಯುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಹೊಸ ಯಂತ್ರವನ್ನು ತಂದುಕೊಟ್ಟ ಮೈಸೂರಿನ ಮಾರಾಟಗಾರರ ಕಡೆಯ ಹುಡುಗ ನಮ್ಮ ಮೇಜಿನ ಮೇಲೆಯೇ ಡಿಡಿ ಆಜ್ಞೆಯಿಂದ ನಾಲ್ಕು ಜಿಬಿಯ ಕಡತವೊಂದನ್ನು ಬರೆದು, ಎರಡು ಸೆಕೆಂಡಿನೊಳಗೆ ಮುಗಿದದ್ದನ್ನು ತೋರಿಸಿ, "ನೋಡಿ ಸರ್, ಇನ್ನೇನು ಬೇಕು?" ಎಂದ. ಆ ಯಂತ್ರದಲ್ಲಿ 64 ಜಿಬಿ ರ‍್ಯಾಮ್ ಇತ್ತು. ಬರೆದದ್ದೆಲ್ಲ ಮೊದಲು ಕರ್ನಲ್‌ನ ಪೇಜ್ ಕ್ಯಾಶ್‌ಗೆ, ಅಂದರೆ ರ‍್ಯಾಮಿಗೇ, ಹೋಗಿ ಕೂರುವುದರಿಂದ ಅವನು ಅಳೆದದ್ದು ಡಿಸ್ಕನ್ನಲ್ಲ. ಸಾಲದ್ದಕ್ಕೆ ಬರೆದದ್ದು ಬರೀ ಸೊನ್ನೆಗಳು. ದತ್ತಾಂಶವನ್ನು ಕುಗ್ಗಿಸಿ ಇಡುವ ಫೈಲ್ ಸಿಸ್ಟಂಗಳ ಮೇಲೆ ಸೊನ್ನೆಗಳು ಡಿಸ್ಕನ್ನು ಮುಟ್ಟುವುದೇ ಅಪರೂಪ. ಹುಡುಗನ ತಪ್ಪೇನಿಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಡಬ್ಬದ ಮೇಲೆ ಅಚ್ಚಾಗಿದ್ದ ಲಕ್ಷಗಟ್ಟಲೆ ಐಒಪಿಎಸ್ (ಸೆಕೆಂಡಿಗೆ ಮಾಡುವ ಓದು-ಬರಹಗಳ ಸಂಖ್ಯೆ) ಕೂಡ ಸುಳ್ಳಲ್ಲ. ಆದರೆ ಅದು ಹಲವು ಎಳೆಗಳಿಂದ, ಒಂದೊಂದರಲ್ಲೂ ಹತ್ತಾರು ಬೇಡಿಕೆಗಳನ್ನು ಒಟ್ಟಿಗೆ ಸರದಿಯಲ್ಲಿ ನಿಲ್ಲಿಸಿ, 4 ಕೆಬಿ ತುಂಡುಗಳಲ್ಲಿ ಅಳೆದ ಸಂಖ್ಯೆ. ಡೇರಿಯ ಚೀಟಿ ಕಾಯುವುದು ಅದಕ್ಕಲ್ಲ.

ಚೀಟಿ ಕಾಯುವುದು ಕಮಿಟ್‌ಗೆ, ಅಂದರೆ ನಮೂದು ಖಾಯಂ ಆಯಿತೆಂದು ಡೇಟಾಬೇಸ್ ಕೊಡುವ ಮಾತಿಗೆ. ಪೋಸ್ಟ್‌ಗ್ರೆಸ್ ಪ್ರತಿ ವ್ಯವಹಾರದ ಕೊನೆಯಲ್ಲಿ ತನ್ನ ವಾಲ್ ಎಂಬ ದಿನಚರಿ ಕಡತಕ್ಕೆ ಸಣ್ಣದೊಂದು ಬರಹ ಸೇರಿಸಿ, ಅದು ಡಿಸ್ಕಿನಲ್ಲಿ ನಿಜವಾಗಿಯೂ ನೆಲೆಗೊಂಡಿತೆಂದು ಎಫ್‌ಡೇಟಾಸಿಂಕ್ ಮೂಲಕ ಖಾತರಿ ಪಡೆದ ನಂತರವೇ "ಆಯಿತು" ಎನ್ನುತ್ತದೆ. 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ 8.33 ಮಿಲಿಸೆಕೆಂಡ್. ದಿನಚರಿಯ ತುದಿ ಮತ್ತೆ ತಲೆಯ ಕೆಳಗೆ ಬರಲು ಒಂದು ಸುತ್ತು ಬೇಕಾಗುವುದರಿಂದ, ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ಕಮಿಟ್ ಮಾಡುವ ಕೆಲಸಕ್ಕೆ ಸೆಕೆಂಡಿಗೆ ಸುಮಾರು 120ರ ಮಿತಿ ಬೀಳುತ್ತದೆ. ನಮ್ಮ ಬಟವಾಡೆ ಅಂಥದೇ ಕೆಲಸವಾಗಿತ್ತು: 20,000 ಸದಸ್ಯರು, ಹದಿನೈದು ದಿನ, ದಿನಕ್ಕೆರಡು ಹೊತ್ತು, ಪ್ರತಿ ನಮೂದಿಗೂ ಒಂದು ಕಮಿಟ್, ಒಟ್ಟು 6,00,000. ಬರೀ ಡಿಸ್ಕಿನ ಸುತ್ತುಗಳಿಗೇ ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ ಬೇಕು. ಓದುವುದು, ಸೂಚಿಗಳನ್ನು ತಿದ್ದುವುದು ಸೇರಿದರೆ ನಾಲ್ಕು ಗಂಟೆ. ಪ್ರತಿ ನಮೂದಿಗೂ ಕಮಿಟ್ ಮಾಡುವಂತೆ ಬರೆದವನು ನಾನೇ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಹೀಗಾಗಿ ಫಿಯೊಗೆ ಎರಡು ಕೆಲಸ ಬರೆದುಕೊಟ್ಟೆ. ಮೊದಲನೆಯದು ದಿನಚರಿಯ ಅನುಕರಣೆ: 8 ಕೆಬಿ ತುಂಡುಗಳನ್ನು ಸಾಲಾಗಿ ಬರೆಯುತ್ತ, ಪ್ರತಿ ತುಂಡಿನ ನಂತರ ಎಫ್‌ಡೇಟಾಸಿಂಕ್. ಎರಡನೆಯದು ದತ್ತಾಂಶ ಕಡತಗಳ ಅನುಕರಣೆ: ಅದೇ 8 ಕೆಬಿ, ಆದರೆ ಯಾದೃಚ್ಛಿಕ ಜಾಗಗಳಲ್ಲಿ, ನೂರಕ್ಕೆ ಎಪ್ಪತ್ತು ಓದು, ಮೂವತ್ತು ಬರಹ, ಕ್ಯಾಶನ್ನು ಬದಿಗಿಡಲು ಡೈರೆಕ್ಟ್ ಆಯ್ಕೆ 1. 8 ಕೆಬಿ ಏಕೆಂದರೆ ಪೋಸ್ಟ್‌ಗ್ರೆಸ್‌ನ ಪುಟದ ಅಳತೆ ಅದು. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಬಳಸುವವರು 16 ಕೆಬಿ ಇಟ್ಟುಕೊಳ್ಳಬೇಕು. ಎರಡನ್ನೂ ಒಟ್ಟಿಗೆ, ಮೂವತ್ತು ನಿಮಿಷ ಓಡಿಸಿದೆ. ಹೀಗೆ ನಮ್ಮ ಕೆಲಸದ ಆಕಾರವನ್ನೇ ಕಡತವೊಂದರಲ್ಲಿ ಬರೆದಿಟ್ಟು, ಯಾವ ಯಂತ್ರದ ಮೇಲಾದರೂ ಅದನ್ನೇ ಮತ್ತೆ ಓಡಿಸಲು ಸಾಧ್ಯವಾಗುವುದು ಫಿಯೊದ ನಿಜವಾದ ಬಲ. ಬಾನಿಪ್ಲಸ್‌ಪ್ಲಸ್‌ನಂಥ ಹಳೆಯ ಸಾಧನಗಳನ್ನೂ ಬಳಸಿದ್ದೇನೆ. ಅವು ತಮಗೆ ಗೊತ್ತಿರುವ ಪರೀಕ್ಷೆಯನ್ನು ಮಾಡುತ್ತವೆಯೇ ಹೊರತು ನಮಗೆ ಬೇಕಾದದ್ದನ್ನಲ್ಲ.

ಮಾರಾಟಗಾರರು ಮೊದಲು ಹಾಕಿಕೊಟ್ಟಿದ್ದು ಮನೆಬಳಕೆಯ ದರ್ಜೆಯ ಎನ್‌ವಿಎಂಇ ಡಿಸ್ಕ್, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಫ್ಲ್ಯಾಶ್ ಡಿಸ್ಕ್. ಮೊದಲ ಹತ್ತು ನಿಮಿಷ ಪ್ರತಿ ಸಿಂಕ್‌ಗೆ ಒಂದೂವರೆ ಮಿಲಿಸೆಕೆಂಡ್ ತೆಗೆದುಕೊಂಡು ಅದು ಸಭ್ಯವಾಗಿಯೇ ನಡೆದುಕೊಂಡಿತು. ಆ ವೇಗವಷ್ಟೇ ಸಾಕಿದ್ದರೆ ಆರು ಲಕ್ಷ ಕಮಿಟ್‌ಗಳು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದವು. ಸರಾಸರಿ ಮಾತ್ರ ನೋಡುವವರು ಅಲ್ಲಿಗೇ ಹಣ ಕೊಟ್ಟು ಕಳುಹಿಸಿಬಿಡುತ್ತಾರೆ. ಹನ್ನೆರಡನೆಯ ನಿಮಿಷದಿಂದ ಚಿತ್ರ ಬದಲಾಯಿತು. ಇಂಥ ಡಿಸ್ಕ್‌ಗಳು ತಮ್ಮ ಕೋಶಗಳ ಒಂದು ಭಾಗವನ್ನು ಒಂದೊಂದು ಬಿಟ್ ಮಾತ್ರ ಹಿಡಿಯುವ ವೇಗದ ತಾತ್ಕಾಲಿಕ ಜಾಗವಾಗಿ ಬಳಸುತ್ತವೆ. ಆ ಜಾಗ ತುಂಬಿದ ಮೇಲೆ ಹಳೆಯದನ್ನು ಸಾಗಿಸುವ ಕೆಲಸವೂ ಹೊಸದನ್ನು ಬರೆಯುವ ಕೆಲಸವೂ ಒಟ್ಟಿಗೆ ಬಿದ್ದು, ನಡುನಡುವೆ ಅರ್ಧ ಸೆಕೆಂಡಿನ ತಡೆಗಳು ಕಾಣಿಸಿಕೊಂಡವು. ಸರಾಸರಿಯಲ್ಲಿ ಅವು ಮುಚ್ಚಿಹೋಗುತ್ತವೆ, 99.9ನೆಯ ಪರ್ಸೆಂಟೈಲ್‌ನಲ್ಲಿ, ಅಂದರೆ ಸಾವಿರಕ್ಕೆ 999 ಸಿಂಕ್‌ಗಳು ಎಷ್ಟು ಸಮಯದೊಳಗೆ ಮುಗಿದವೆಂದು ಹೇಳುವ ಸಂಖ್ಯೆಯಲ್ಲಿ, ಮುಚ್ಚಿಕೊಳ್ಳುವುದಿಲ್ಲ. ಆ ಸಂಖ್ಯೆಗಳನ್ನು ಮುದ್ರಿಸಿ ಕೊಟ್ಟಾಗ ಮಾರಾಟಗಾರರು, ತಕ್ಷಣಕ್ಕೆ ಬೇಸರಿಸಿಕೊಂಡರೂ, ದರದ ವ್ಯತ್ಯಾಸ ಪಡೆದು ಸರ್ವರ್ ದರ್ಜೆಯ ಡಿಸ್ಕ್‌ಗಳನ್ನು ಹಾಕಿಕೊಟ್ಟರು. ಇವುಗಳಲ್ಲಿ ಕೆಪಾಸಿಟರ್‌ಗಳಿರುತ್ತವೆ, ಕರೆಂಟ್ ಹೋದರೂ ಒಳಗಿನ ಕ್ಯಾಶ್‌ನಲ್ಲಿರುವುದನ್ನು ಫ್ಲ್ಯಾಶ್‌ಗೆ ಬರೆದು ಮುಗಿಸುವಷ್ಟು ಶಕ್ತಿಯನ್ನು ಅವು ಹಿಡಿದಿಡುತ್ತವೆ. ಆದ್ದರಿಂದ ಸಿಂಕ್ ಕೇಳಿದಾಗ ಡಿಸ್ಕ್ ಧೈರ್ಯವಾಗಿ ತಕ್ಷಣ ಉತ್ತರ ಕೊಡುತ್ತದೆ. ನಮಗೆ ಸಿಕ್ಕಿದ್ದು ಐವತ್ತು ಮೈಕ್ರೊಸೆಕೆಂಡಿನ ಆಸುಪಾಸು, ಮೂವತ್ತನೆಯ ನಿಮಿಷದಲ್ಲೂ ಅಷ್ಟೇ.

ಇಲ್ಲಿಯೇ ಫಿಯೊದ ಮೇಲಿನ ನನ್ನ ಮೊದಲ ದೂರು. ಅದರ ವರದಿಯಲ್ಲಿ ಮಾನಗಳು ತಾವಾಗಿಯೇ ಬದಲಾಗುತ್ತವೆ. ಸಂಖ್ಯೆಗಳು ಸಣ್ಣವಿದ್ದರೆ ನ್ಯಾನೊ, ಸ್ವಲ್ಪ ದೊಡ್ಡವಾದರೆ ಮೈಕ್ರೊ, ಇನ್ನೂ ದೊಡ್ಡವಾದರೆ ಮಿಲಿಸೆಕೆಂಡ್ ಎಂದು ಸಾಲಿನ ತಲೆಯಲ್ಲಿ ಕಂಸದೊಳಗೆ ಮೂರು ನಾಲ್ಕು ಅಕ್ಷರಗಳಲ್ಲಿ ಬರೆದು ಸುಮ್ಮನಾಗುತ್ತದೆ. ಹಳೆಯ ಡಿಸ್ಕಿನ ವರದಿಯನ್ನೂ ಹೊಸದರದ್ದನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದ ನಮ್ಮ ಸಹೋದ್ಯೋಗಿ, ಹಳೆಯದರಲ್ಲಿ 9, ಹೊಸದರಲ್ಲಿ 48 ಎಂದಿದ್ದುದನ್ನು ನೋಡಿ, "ಸಾರ್, ಹಳೇದೇ ಐದು ಪಟ್ಟು ವಾಸಿ ಇದೆಯಲ್ಲ" ಎಂದು ಗಂಭೀರವಾಗಿ ಹೇಳಿದರು. 9 ಮಿಲಿಸೆಕೆಂಡ್, 48 ಮೈಕ್ರೊಸೆಕೆಂಡ್. ನಾನೂ ಒಂದು ಕ್ಷಣ ತಬ್ಬಿಬ್ಬಾದೆ. ಈಗ ಜೇಸನ್ ರೂಪದಲ್ಲಿ ವರದಿ ಪಡೆಯುತ್ತೇನೆ, ಅದರಲ್ಲಿ ಈ ಗೊಂದಲವಿಲ್ಲ.

ಎರಡನೆಯ ದೂರು ಇನ್ನೂ ಸೂಕ್ಷ್ಮವಾದದ್ದು. ಬರಹದ ವಿಳಂಬವನ್ನು ತೋರಿಸುವ ಸಾಲಿನಲ್ಲಿ ಸಿಂಕ್‌ನ ಸಮಯ ಸೇರಿರುವುದಿಲ್ಲ. ಅದಕ್ಕೆ ಕೆಳಗೆ ಬೇರೆಯದೇ ಭಾಗವಿದೆ. ಮೇಲಿನ ಸಾಲನ್ನು ಮಾತ್ರ ಓದಿದರೆ ಯಾವ ಡಿಸ್ಕೂ ಚೆನ್ನಾಗಿಯೇ ಕಾಣುತ್ತದೆ. ಹಾಗೆಯೇ ಸರದಿಯ ಆಳವನ್ನು 32 ಎಂದು ಕೊಟ್ಟರೂ, ಎಂಜಿನ್ (ಡಿಸ್ಕಿಗೆ ಬೇಡಿಕೆ ಕಳುಹಿಸುವ ವಿಧಾನ) ಸಿಂಕ್ರೊನಸ್ ಆಗಿದ್ದರೆ, ಅಂದರೆ ಒಂದು ಮುಗಿದ ಮೇಲೆಯೇ ಇನ್ನೊಂದನ್ನು ಕಳುಹಿಸುವುದಾದರೆ, ಫಿಯೊ ಆ ಸಂಖ್ಯೆಯನ್ನು ಪಾಲಿಸಲಾರದು, ಕೆಲಸ ಒಂದೊಂದಾಗಿಯೇ ಹೋಗುತ್ತದೆ. ಲಿಬ್‌ಎಐಒ ಎಂಜಿನ್ ಆದರೆ ಡೈರೆಕ್ಟ್ ಆಯ್ಕೆ ಇಲ್ಲದೆ ಹೆಸರಿಗಷ್ಟೇ ಅಸಿಂಕ್ರೊನಸ್. ಇನ್ನೊಂದು: ಪರೀಕ್ಷೆಯ ಕಡತ ಹೊಸದಾಗಿದ್ದಾಗ ಫೈಲ್ ಸಿಸ್ಟಂ ತನ್ನ ಲೆಕ್ಕವನ್ನೂ ಬರೆಯಬೇಕಾಗಿ ಸಿಂಕ್ ನಿಧಾನವಾಗುತ್ತದೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಹಳೆಯ ವಾಲ್ ಕಡತಗಳನ್ನೇ ಮರುಬಳಸುವುದರಿಂದ, ಮೊದಲೇ ತುಂಬಿಸಿದ ಕಡತದ ಮೇಲೆ ಅಳೆಯುವುದೇ ನ್ಯಾಯ. ಮೊದಲ ಸಲ ಓಡಿಸಿದ್ದಕ್ಕಿಂತ ಎರಡನೆಯ ಸಲ ಏಕೆ ವೇಗ ಬಂತೆಂದು ಒಂದು ಇಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡು ಕಲಿತ ಪಾಠವಿದು. ಕೈಪಿಡಿಯಲ್ಲಿ ಎಲ್ಲವೂ ಇದೆ, ಆದರೆ ಹುಡುಕುವವನಿಗೆ ಏನು ಹುಡುಕಬೇಕೆಂದು ಮೊದಲೇ ಗೊತ್ತಿರಬೇಕು. ಹಿಡಿದಿಟ್ಟ ಅಂಕ ಇದಕ್ಕೆ.

ಫಿಯೊ ಡಿಸ್ಕಿನ ಮಾತನ್ನು ನಂಬುತ್ತದೆ. ಡಿಸ್ಕ್ "ಬರೆದೆ" ಎಂದರೆ ಬರೆದಂತೆಯೇ ಲೆಕ್ಕ. ಅದಕ್ಕೇ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ-ಟೆಸ್ಟ್-ಎಫ್‌ಸಿಂಕ್ ಎಂಬ ಪುಟ್ಟ ಸಾಧನವನ್ನೂ ಓಡಿಸುವುದು ಒಳ್ಳೆಯದು. ತಿರುಗುವ ಡಿಸ್ಕಿನ ಮೇಲೆ ಅದು ಸೆಕೆಂಡಿಗೆ 120ರ ಬದಲು ಸಾವಿರಗಟ್ಟಲೆ ತೋರಿಸಿದರೆ, ನಡುವೆ ಎಲ್ಲೋ ಒಂದು ಕ್ಯಾಶ್ ಉತ್ತರ ಕೊಡುತ್ತಿದೆ ಎಂದು ಅರ್ಥ. ಆ ಕ್ಯಾಶ್‌ಗೆ ಬ್ಯಾಟರಿ ಇದ್ದರೆ ಸರಿ, ಇಲ್ಲದಿದ್ದರೆ ಕರೆಂಟ್ ಹೋದ ದಿನ ಲೆಕ್ಕ ತಪ್ಪುತ್ತದೆ. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆವು. ಲ್ಯಾಪ್‌ಟಾಪ್ ಒಂದರಿಂದ ಕ್ರಮಸಂಖ್ಯೆಗಳನ್ನು ಒಂದೊಂದಾಗಿ ಸೇರಿಸುತ್ತ, ಕಮಿಟ್ ಆಯಿತೆಂದು ಉತ್ತರ ಬಂದ ಪ್ರತಿ ಸಂಖ್ಯೆಯನ್ನೂ ಲ್ಯಾಪ್‌ಟಾಪ್‌ನಲ್ಲಿ ಬರೆದಿಟ್ಟುಕೊಂಡು, ನಡುವೆಯೇ ಸರ್ವರ್‌ನ ವಿದ್ಯುತ್ ತಂತಿಯನ್ನು ಕಿತ್ತೆವು. ಯುಪಿಎಸ್ ಆರಿಸುವುದಲ್ಲ, ಯಂತ್ರದ ಹಿಂಬದಿಯ ತಂತಿಯನ್ನೇ. ಹೊಸ ಯಂತ್ರಕ್ಕೆ ಹೀಗೆ ಮಾಡುವಾಗ ಕೈ ನಡುಗುವುದು ಸಹಜ. ಮೂರು ಸಲ ಕಿತ್ತು ಮೂರು ಸಲ ಎಬ್ಬಿಸಿದಾಗಲೂ ಬರೆದಿಟ್ಟ ಕೊನೆಯ ಸಂಖ್ಯೆ ಡೇಟಾಬೇಸ್‌ನಲ್ಲಿ ಇತ್ತು.

ಪೋಸ್ಟ್‌ಗ್ರೆಸ್‌ನದೇ ವೇಗ ಪರೀಕ್ಷೆಯ ಸಾಧನವಾದ ಪಿಜಿಬೆಂಚ್ ಬಗ್ಗೆ ಎರಡು ಮಾತು. ಅದರ ಸ್ಕೇಲ್, ಅಂದರೆ ಪರೀಕ್ಷೆಯ ದತ್ತಾಂಶದ ಗಾತ್ರ, 1 ಎಂದರೆ ಖಾತೆಗಳ ಕೋಷ್ಟಕದಲ್ಲಿ 1,00,000 ಸಾಲು. 1000 ಕೊಟ್ಟರೂ ಹತ್ತು ಕೋಟಿ ಸಾಲುಗಳ ದತ್ತಾಂಶ 64 ಜಿಬಿ ರ‍್ಯಾಮಿನೊಳಗೆ ಆರಾಮವಾಗಿ ಕೂತುಬಿಡುತ್ತದೆ, ಓದುವ ಪರೀಕ್ಷೆ ಮತ್ತೆ ರ‍್ಯಾಮಿನ ಪರೀಕ್ಷೆಯೇ ಆಗುತ್ತದೆ. ಸ್ಕೇಲನ್ನು ಒಟ್ಟಿಗೆ ಸಂಪರ್ಕಿಸುವ ಕ್ಲೈಂಟ್‌ಗಳ ಸಂಖ್ಯೆಗಿಂತ ಕಡಿಮೆ ಇಟ್ಟರೆ ಶಾಖೆಗಳ ಕೋಷ್ಟಕದ ಕೆಲವೇ ಸಾಲುಗಳಿಗಾಗಿ ಎಲ್ಲರೂ ಕಾಯುತ್ತ ನಿಲ್ಲುತ್ತಾರೆ, ಡಿಸ್ಕ್ ಆಗ ಸುಮ್ಮನೆ ಕೂತಿರುತ್ತದೆ. ಬಟವಾಡೆಯ ನಮ್ಮದೇ ಆಜ್ಞೆಗಳನ್ನು ಪಿಜಿಬೆಂಚ್‌ಗೆ ಕೊಟ್ಟು ಓಡಿಸಿದಾಗಲೇ, ಸಂಘಕ್ಕೊಂದು ಕಮಿಟ್ ಮಾಡಿದರೆ ಹಳೆಯ ಡಿಸ್ಕಿನಲ್ಲೂ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತೆಂದು ತಿಳಿದದ್ದು. ಅದನ್ನು ಫಿಯೊ ಹೇಳಲಾರದು, ಹೇಳಬೇಕೆಂದು ಬಯಸುವುದೂ ತಪ್ಪು.

ಒಮ್ಮೆ ಅಳೆದು ಮರೆತಿದ್ದರೆ ಈ ವಿಮರ್ಶೆ ಬರೆಯುತ್ತಿರಲಿಲ್ಲ. ಕಳೆದ ಏಪ್ರಿಲ್‌ನ ಭಾನುವಾರ ಮಧ್ಯಾಹ್ನ, ಎರಡು ಹೊತ್ತಿನ ನಡುವಿನ ಬಿಡುವಿನಲ್ಲಿ, ಅದೇ ಕೆಲಸದ ಕಡತವನ್ನು ಓಡಿಸಿದಾಗ ಎಂಟನೆಯ ನಿಮಿಷದವರೆಗೆ ಎಲ್ಲವೂ ಮೊದಲಿನಂತೆಯೇ ಇದ್ದು, ನಂತರ ಬರಹದ ವೇಗ ಅರ್ಧಕ್ಕಿಳಿಯಿತು. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ದಾಖಲಿಸಿಡುವ ಸ್ಮಾರ್ಟ್ ಮಾಹಿತಿ ತೆಗೆದು ನೋಡಿದರೆ ತಾಪಮಾನ 70 ಡಿಗ್ರಿ ದಾಟಿತ್ತು. ಬಿಸಿ ಮಿತಿ ಮೀರಿದಾಗ ಎನ್‌ವಿಎಂಇ ಡಿಸ್ಕ್‌ಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ನಿಧಾನವಾಗುತ್ತವೆ. ಮುಂಬದಿಯ ಜಾಲರಿ ಬಿಚ್ಚಿದೆ. ನಮ್ಮ ಕಛೇರಿಯ ಹಿಂದಿನ ಬೀದಿಯಲ್ಲಿ ಅಕ್ಕಿ ಗಿರಣಿಯಿದೆ. ತೌಡು ಹೊಟ್ಟುಗಳ ದೂಳು ಜಾಲರಿಯ ಮೇಲೆ ತೆಳ್ಳಗಿನ ಕಂಬಳಿಯಂತೆ ಹೆಣೆದುಕೊಂಡು, ಉಗುರಿನಿಂದ ಎಳೆದರೆ ಒಂದೇ ಹಾಳೆಯಾಗಿ ಕೈಗೆ ಬಂತು. ತೊಳೆದು ಒಣಗಿಸಿ ಹಾಕಿದ ಮೇಲೆ ಮೂವತ್ತು ನಿಮಿಷವೂ ಗೆರೆ ಎಳೆದಂತೆ ಸಮನಾಗಿ ನಡೆಯಿತು. ಒಂದು ನಿಮಿಷದ ಪರೀಕ್ಷೆಯಲ್ಲಿ ಇದು ಸಿಗುತ್ತಲೇ ಇರಲಿಲ್ಲ. ಈಗ ಜಾಲರಿ ತೊಳೆಯುವುದು ತಿಂಗಳ ಮೊದಲ ಭಾನುವಾರದ ಕೆಲಸ.

ಎಚ್ಚರಿಕೆಯ ಒಂದು ಮಾತು ಇದೆ. ಫಿಯೊಗೆ ಕಡತದ ಹೆಸರಿನ ಜಾಗದಲ್ಲಿ ಡಿಸ್ಕಿನ ಹೆಸರನ್ನೇ ಕೊಟ್ಟು ಬರೆಯಲು ಹೇಳಿದರೆ ಅದು ಮರುಪ್ರಶ್ನೆ ಕೇಳದೆ ಬರೆಯುತ್ತದೆ. ಮೌಂಟ್ ಆಗಿರುವಂತೆ (ಬಳಕೆಗೆ ಜೋಡಿಸಿರುವಂತೆ) ಕಂಡ ಡಿಸ್ಕಿನ ಮೇಲೆ ಬರೆಯಲು ನಿರಾಕರಿಸುತ್ತದೆ, ನಿಜ. ನಾನು ಅಳಿಸಿದ್ದು ಮೌಂಟ್ ಆಗಿರದ ಬ್ಯಾಕಪ್ ಡಿಸ್ಕನ್ನು. ಹಿಂದಿನ ದಿನದ ಇನ್ನೊಂದು ಪ್ರತಿ ಬೇರೆ ಕಡೆ ಇದ್ದುದರಿಂದ ಊಟ ತಪ್ಪಿದ್ದು ಬಿಟ್ಟರೆ ನಷ್ಟವಾಗಲಿಲ್ಲ.

ಈಗ ಮೈಸೂರಿನಲ್ಲಿ ಇದೇ ಡೇಟಾಬೇಸ್‌ನ ಪ್ರತಿಯೊಂದನ್ನು ಇರಿಸಲು ಎರಡನೆಯ ಸರ್ವರ್ ಕೊಳ್ಳುತ್ತಿದ್ದೇವೆ, ಅದೇ ಮಾರಾಟಗಾರರಿಂದ. ಬೇಡಿಕೆ ಪತ್ರದ ಜೊತೆ ಫಿಯೊ ಕೆಲಸದ ಕಡತವನ್ನೂ ಕಳುಹಿಸಿದ್ದೆ. ಮೊನ್ನೆ ಅವರು ಯಂತ್ರ ಕಳುಹಿಸುವ ಮೊದಲೇ ತಾವೇ ಓಡಿಸಿ, ಸಿಂಕ್‌ನ 99.9ನೆಯ ಪರ್ಸೆಂಟೈಲ್ 61 ಎಂದು ಬರೆದು ಕಳುಹಿಸಿದ್ದರು. ಮಾನ ಬರೆದಿರಲಿಲ್ಲ. ಫೋನ್ ಮಾಡಿದೆ, ಎತ್ತಿದವನು ಹಿಂದೆ ಡಿಡಿ ಓಡಿಸಿ ತೋರಿಸಿದ್ದ ಹುಡುಗನೇ. "ಒಂದ್ ನಿಮಿಷ ಸರ್, ನೋಡಿ ಹೇಳ್ತೀನಿ" ಎಂದು ಹೋಗಿ ಬಂದು, ಮೈಕ್ರೊ ಎಂದ.